ಕಿಲೋಮೀಟರಿಗೆ 73 ರೂಪಾಯಿ ಅಂದ ತಕ್ಷಣ ರೀಫರ್ ಗಾಡಿ ಕೊಡಬೇಡಿ

ಬೇಸಿಗೆ ಬಂತು ಅಂದರೆ ಐಸ್‌ಕ್ರೀಮ್, ಫ್ರೋಜನ್ ಮಾಲಿನ ಲೋಡು ಜಾಸ್ತಿ, ಬ್ರೋಕರ್‌ಗಳ ಫೋನೂ ಜಾಸ್ತಿ. ಒಂದೋ ಎರಡೋ ರೀಫರ್ ಗಾಡಿ (ಮಾಲು ತಣ್ಣಗಿಡುವ ಫ್ರಿಜ್ ಲಾರಿ) ಇಟ್ಟುಕೊಂಡು ಇಎಂಐ ಕಟ್ಟುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಲೋಡ್ ಕೊಟ್ಟ ಕಂಪನಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ಹೆಸರು ಬೇರೆ ಇರಬಹುದು, ಆಟ ಎಲ್ಲ ಕಡೆ ಇದೇ.

ಹೊಸಕೋಟೆಯಿಂದ ನವಿ ಮುಂಬೈ ಹತ್ತಿರದ ತಳೋಜಕ್ಕೆ ಫ್ರೋಜನ್ ಲೋಡು. ಸುಮಾರು 980 ಕಿಲೋಮೀಟರ್. 32 ಅಡಿ ಗಾಡಿಗೆ 72 ಸಾವಿರ ಅಂದರು. ಕಿಲೋಮೀಟರಿಗೆ 73 ರೂಪಾಯಿ ಚಿಲ್ಲರೆ. ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ ಅಲ್ವಾ? "ಹೋದ ತಕ್ಷಣ ಖಾಲಿ ಮಾಡಿಸ್ತೀವಿ ಅಣ್ಣಾ, ಅಲ್ಲಿ ನಮ್ದೇ ಡಾಕ್" ಅಂತ ಬ್ರೋಕರ್ ಫೋನಲ್ಲಿ ಹೇಳಿದ. ಡಾಕ್ ಅಂದರೆ ಮಾಲು ಇಳಿಸುವ ಕಟ್ಟೆ.

ಲೆಕ್ಕ ಹಾಕಿಯೇ ಒಪ್ಪಿದ್ದೆ. ಹೋಗಿ ಬರುವುದಕ್ಕೆ 1,960 ಕಿಲೋಮೀಟರ್, ಮೈಲೇಜ್ 5 ಹಿಡಿದರೆ 392 ಲೀಟರ್, ಆಗ ಡೀಸೆಲ್ ಲೀಟರಿಗೆ 91ರ ಲೆಕ್ಕದಲ್ಲಿ 36 ಸಾವಿರದ ಹತ್ತಿರ. ರೀಫರ್ ಯೂನಿಟ್ಟಿನ, ಅಂದರೆ ಬಾಡಿ ತಣ್ಣಗಿಡುವ ಮೆಷಿನ್ನಿನ, ಡೀಸೆಲ್ ಬೇರೆ. ನನ್ನ ಯೂನಿಟ್ ಗಂಟೆಗೆ ಎರಡೂವರೆ ಲೀಟರ್ ಕುಡಿಯುತ್ತದೆ. ಲೋಡಿಗೆ ಮುಂಚೆ ಬಾಡಿ ತಣ್ಣಗೆ ಮಾಡುವುದು, ಲೋಡಿಂಗ್, ದಾರಿ, ಎಲ್ಲ ಸೇರಿ 55 ಗಂಟೆ ಹಿಡಿದರೆ ಹನ್ನೆರಡೂವರೆ ಸಾವಿರ. ಟೋಲ್, ಬತ್ತಾ, ಹಮಾಲಿ, ಕಾಂಟಾ (ಗಾಡಿ ತೂಕ), ದಾರಿ ಖರ್ಚು ಸೇರಿ 18 ಸಾವಿರ. ಅಲ್ಲಿಗೆ 66 ಸಾವಿರ ದಾಟಿತು. ಉಳಿಯುವ ಐದೂವರೆ ಸಾವಿರದಲ್ಲಿ ಟೈರ್, ಇನ್ಶೂರೆನ್ಸ್, ಇಎಂಐ ಯಾವುದೂ ಆಗುವುದಿಲ್ಲ. ಅಂದರೆ ಈ ರೇಟ್ ನಿಲ್ಲುವುದೇ ರಿಟರ್ನ್ ಲೋಡಿನ ಮೇಲೆ. ಅದಕ್ಕೇ ಶನಿವಾರಕ್ಕೆ ಮುಂಬೈ ಹತ್ತಿರದ ಭಿವಂಡಿಯಿಂದ ಚಾಕೊಲೇಟ್ ಲೋಡ್ ಹೇಳಿಟ್ಟಿದ್ದೆ.

ಬುಧವಾರ ರಾತ್ರಿ ಲೋಡ್ ಆಯಿತು. ಗಾಡಿ ಗೇಟ್ ದಾಟಿ ನೆಲಮಂಗಲದ ಹತ್ತಿರ ಹೋದ ಮೇಲೆ ಟ್ರಿಪ್ ಶೀಟ್ ವಾಟ್ಸಾಪ್‌ಗೆ ಬಂತು. ಫೋನಲ್ಲಿ ಒಂದು ಮಾತೂ ಆಡದ ಷರತ್ತೆಲ್ಲ ಅದರಲ್ಲಿತ್ತು. ತಲುಪಿದ ಮೇಲೆ 24 ಗಂಟೆ ಹಾಲ್ಟಿಂಗ್ (ಗಾಡಿ ಕಾದು ನಿಂತಿದ್ದಕ್ಕೆ ಕೊಡುವ ದುಡ್ಡು) ಇಲ್ಲ. ಆಮೇಲೆ ದಿನಕ್ಕೆ 2,000. ಭಾನುವಾರ ಲೆಕ್ಕಕ್ಕಿಲ್ಲ. ಬಾಕಿ ಹಣ ಒರಿಜಿನಲ್ ಪಿಒಡಿ (ಮಾಲು ಮುಟ್ಟಿದ್ದಕ್ಕೆ ಸಹಿ ಮಾಡಿದ ಕಾಗದ) ಕೈ ಸೇರಿದ 60 ದಿನಕ್ಕೆ. ಮಾಲು ಒಳಗಿದೆ, ಗಾಡಿ ಹೈವೇಯಲ್ಲಿದೆ, ಈಗ ಜಗಳ ಆಡಿ ಏನು ಮಾಡುತ್ತೀರಿ? ಅವರಿಗೂ ಅದು ಗೊತ್ತು.

ಶುಕ್ರವಾರ ಸಂಜೆ 6ಕ್ಕೆ ಗಾಡಿ ತಳೋಜ ತಲುಪಿತು. "ಡಾಕ್ ಫುಲ್, ನಾಳೆ ನೋಡೋಣ" ಅಂದರು. ಶನಿವಾರ ಇನ್‌ವಾಯ್ಸಿನಲ್ಲಿ ಏನೋ ಮಿಸ್ಟೇಕ್ ಅಂದರು. ಭಾನುವಾರ ಆಫೀಸೇ ಇಲ್ಲ. ಖಾಲಿ ಆಗಿದ್ದು ಸೋಮವಾರ ಮಧ್ಯಾಹ್ನ. 66 ಗಂಟೆ, ಮೈನಸ್ 18ರಲ್ಲಿ, ನಿಂತ ಜಾಗದಲ್ಲೇ. 165 ಲೀಟರ್. 15 ಸಾವಿರ ರೂಪಾಯಿ. ಅವರ ಷರತ್ತಿನ ಪ್ರಕಾರ ಸಿಕ್ಕ ಹಾಲ್ಟಿಂಗ್ ಎರಡು ಸಾವಿರ. ಇನ್ನೊಂದು ರಾತ್ರಿ ಕಳೆದಿದ್ದರೆ ಇ-ವೇ ಬಿಲ್ಲಿನ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಅವಧಿಯೂ ಮುಗಿಯುತ್ತಿತ್ತು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ 980ಕ್ಕೆ ಸಿಗುವುದು 5 ದಿನ ಮಾತ್ರ.

ದಿನಕ್ಕೆ 2,000 ಅನ್ನುವುದು ಮಾಮೂಲಿ ಕಂಟೇನರ್ ಗಾಡಿಗೆ ಹೇಳುವ ಹಾಲ್ಟಿಂಗ್. ಅದು ಇಂಜಿನ್ ಆಫ್ ಮಾಡಿ ಮರದ ಕೆಳಗೆ ನಿಲ್ಲುತ್ತದೆ, ಡ್ರೈವರ್ ಅಡುಗೆ ಮಾಡಿಕೊಂಡು ಮಲಗುತ್ತಾನೆ. ರೀಫರ್ ಹಾಗಲ್ಲ. ಅದು ಕಟ್ಟಿ ಹಾಕಿದ ಎಮ್ಮೆ ಇದ್ದ ಹಾಗೆ, ಹಾಲು ಕೊಡಲಿ ಬಿಡಲಿ ಮೇವು ಹಾಕಲೇಬೇಕು. ನನ್ನ ಗಾಡಿಗೆ ಒಂದು ದಿನ ನಿಂತರೆ ಬರೀ ಯೂನಿಟ್ ಡೀಸೆಲ್ಲೇ 60 ಲೀಟರ್, ಆ ಟ್ರಿಪ್ಪಿನ ಡೀಸೆಲ್ ರೇಟಿಗೆ 5,460 ರೂಪಾಯಿ. ಹಾಗಾಗಿ ಯಾರಾದರೂ "ಹಾಲ್ಟಿಂಗ್ ಕೊಡ್ತೀವಲ್ಲ ಸಾರ್" ಅಂದಾಗ ಎಷ್ಟು ಅಂತ ಕೇಳಿ, ಆ ದುಡ್ಡಿಗೆ ಎಷ್ಟು ಲೀಟರ್ ಬರುತ್ತದೆ ಅಂತ ಭಾಗಿಸಿ ನೋಡಿ. ಮುಕ್ಕಾಲು ಪಾಲು ಲೋಡು ಅಲ್ಲೇ ಬಿದ್ದುಹೋಗುತ್ತವೆ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ನನ್ನ ಯೂನಿಟ್ಟಿಗೆ ಎಲೆಕ್ಟ್ರಿಕ್ ಸ್ಟ್ಯಾಂಡ್‌ಬೈ ಇದೆ, ತ್ರೀ ಫೇಸ್ ಕರೆಂಟ್ ಕೊಟ್ಟರೆ ಡೀಸೆಲ್ ಇಲ್ಲದೆ ಓಡುತ್ತದೆ. ಅಲ್ಲಿ ಗೋಡೆಯ ಮೇಲೆ ಕೆಂಪು ಸಾಕೆಟ್ ಇತ್ತು, ಅದಕ್ಕೊಂದು ತಂತಿ ಸುತ್ತಿ ಬೀಗ ಹಾಕಿದ್ದರು. ಡ್ರೈವರ್ ಫೋಟೊ ಕಳಿಸಿದ. ಕೇಳಿದ್ದಕ್ಕೆ ಅದು ತಮ್ಮ ಸ್ವಂತ ಗಾಡಿಗಳಿಗೆ ಮಾತ್ರ ಅಂತ ಸೂಪರ್‌ವೈಸರ್ ಅಂದನಂತೆ. ಆ ಸಾಕೆಟ್ಟಿನ ಕೆಳಗೇ ನಮ್ಮ ಗಾಡಿ ಮೂರು ರಾತ್ರಿ ಡೀಸೆಲ್ ಸುಟ್ಟುಕೊಂಡು ನಿಂತಿತ್ತು. ಹೋಗುವ ಜಾಗದಲ್ಲಿ ಕರೆಂಟ್ ಪಾಯಿಂಟ್ ಇದೆಯಾ, ನಮಗೆ ಕೊಡುತ್ತಾರಾ ಅಂತ ಮೊದಲೇ ಕೇಳಿ. ರೇಟಿನಲ್ಲಿ ಸಾವಿರ ಕಮ್ಮಿಯಾದರೂ ಇದು ಸಿಕ್ಕರೆ ಲಾಭ.

ಶನಿವಾರದ ಚಾಕೊಲೇಟ್ ಲೋಡ್ ಬೇರೆ ಗಾಡಿಗೆ ಹೋಯಿತು, ಹೋಗದೆ ಇರುತ್ತದಾ. ಮಂಗಳವಾರ ಸುಮ್ನೆ ಖಾಲಿ ಬರುವುದು ಬೇಡ ಅಂತ ಮಾಮೂಲಿ ರಟ್ಟಿನ ಬಾಕ್ಸ್ ಮಾಲು ಹಾಕಿಕೊಂಡು ಬಂದೆವು, ಅದೂ ಡ್ರೈ ರೇಟಿಗೆ, ಅಂದರೆ ತಣ್ಣಗಿಡಬೇಕಿಲ್ಲದ ಮಾಲಿನ ರೇಟಿಗೆ. ರೀಫರ್ ಬಾಡಿ ಭಾರ ಜಾಸ್ತಿ, ಗೋಡೆ ದಪ್ಪ, ಒಳಗೆ ಜಾಗ ಕಮ್ಮಿ, ಹಾಗಾಗಿ ಡ್ರೈ ಬ್ರೋಕರ್ ಅದರಲ್ಲೂ ಒಂದಿಷ್ಟು ಮುರಿದುಕೊಳ್ಳುತ್ತಾನೆ. ಒಂದು ಮಾತು: ದುಡ್ಡು ಬರುತ್ತದೆ ಅಂತ ರಿಟರ್ನ್‌ನಲ್ಲಿ ಮೀನು, ಈರುಳ್ಳಿ ಹಾಕಿಕೊಳ್ಳಬೇಡಿ. ವಾಸನೆ ಹಿಡಿದರೆ ಮುಂದಿನ ಐಸ್‌ಕ್ರೀಮ್ ಲೋಡು ಬಾಗಿಲು ತೆಗೆದ ತಕ್ಷಣ ವಾಪಸ್.

ಇಷ್ಟಕ್ಕೇ ಮುಗಿಯಲಿಲ್ಲ. ಒಂದಿಷ್ಟು ಬಾಕ್ಸ್ ಮೈನಸ್ 18ರ ಬದಲು ಮೈನಸ್ 13ರಲ್ಲಿದ್ದವು ಅಂತ ಡೆಬಿಟ್ ನೋಟ್ (ಬಾಡಿಗೆಯಲ್ಲಿ ಹಣ ಹಿಡಿದುಕೊಳ್ಳುವ ಚೀಟಿ) ಕಳಿಸಿದರು, 11 ಸಾವಿರ ಕಟ್. ಮಾಲು ಲೋಡ್ ಆಗಿದ್ದೇ ಮೈನಸ್ 12ರಲ್ಲಿ! "ದಾರೀಲಿ ತಣ್ಣಗಾಗುತ್ತೆ ಬಿಡಿ" ಅಂದಿದ್ದು ಅವರದೇ ಲೋಡಿಂಗ್ ಜನ. ರೀಫರ್ ಇರುವುದು ಮಾಲಿನಲ್ಲಿ ಇದ್ದ ತಂಪನ್ನು ಕಾಪಾಡುವುದಕ್ಕೆ, ಹೊಸದಾಗಿ ತಣ್ಣಗೆ ಮಾಡುವುದಕ್ಕಲ್ಲ. ಒತ್ತಾಗಿ ಜೋಡಿಸಿದ ಬಾಕ್ಸ್‌ಗಳ ನಡುವೆ ಗಾಳಿಯೇ ಹೋಗುವುದಿಲ್ಲ, ಅದು ಎರಡು ದಿನದಲ್ಲಿ 6 ಡಿಗ್ರಿ ಇಳಿಯುತ್ತದೆ ಅಂತ ಎಲ್ಲಿಂದ ನಂಬುವುದು. ಜೊತೆಗೆ ಲಾಗರ್ (ಒಳಗಿನ ಟೆಂಪರೇಚರ್ ದಾಖಲಿಸುವ ಮೆಷಿನ್) ಗ್ರಾಫ್ ತೋರಿಸಿ, ಇಲ್ಲಿ ನೋಡಿ ಏರಿದೆ, ಇಲ್ಲಿ ನೋಡಿ ಏರಿದೆ ಅಂದರು. ಅದು ಡಿಫ್ರಾಸ್ಟ್. ಕಾಯಿಲ್ ಮೇಲೆ ಕೂತ ಐಸ್ ಕರಗಿಸುವುದಕ್ಕೆ ಯೂನಿಟ್ ಆಗಾಗ ತಾನಾಗೇ ಡಿಫ್ರಾಸ್ಟ್‌ಗೆ ಹೋಗುತ್ತದೆ, ಆಗ ಗಾಳಿಯ ಟೆಂಪರೇಚರ್ ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತದೆ, ಮಾಲಿಗೆ ಏನೂ ಆಗಿರುವುದಿಲ್ಲ. ಡಾಕ್‌ನಲ್ಲಿ ಬಾಗಿಲು ತೆಗೆದಿಟ್ಟು ಚಹಾ ಕುಡಿಯಲು ಹೋದರೆ ಮುಂಬೈ ಸೆಕೆಗೆ ಅದಕ್ಕಿಂತ ಜಾಸ್ತಿ ಏರುತ್ತದೆ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಈ ವಿಷಯದಲ್ಲಿ ನಮ್ಮನ್ನು ಉಳಿಸಿದ್ದು ಡ್ರೈವರ್. ಲೋಡ್ ಆಗುವಾಗಲೇ ಬಾಕ್ಸ್ ನಡುವೆ ಥರ್ಮಾಮೀಟರ್ ಕಡ್ಡಿ ತೂರಿಸಿ, ಬಾಕ್ಸಿನ ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೊ ಹೊಡೆದಿದ್ದ, ಎಲ್‌ಆರ್ (ಲಾರಿ ರಸೀದಿ) ಮೇಲೆ "ಲೋಡಿಂಗ್ ಟೆಂಪರೇಚರ್ ಮೈನಸ್ 12" ಅಂತ ಬರೆಸಿ ಸಹಿ ಹಾಕಿಸಿದ್ದ. ಅದನ್ನು ಕಳಿಸಿದ ಮೇಲೆ ಡೆಬಿಟ್ ನೋಟ್ ವಾಪಸ್ ತಗೊಂಡರು, ಬೇಗ ಏನಲ್ಲ, ತಿಂಗಳು ಎಳೆದರು. ನಿಮ್ಮ ಡ್ರೈವರ್‌ಗೂ ಇದನ್ನು ಹೇಳಿಕೊಡಿ. ಅವರು ಸಹಿ ಹಾಕಲ್ಲ ಅಂದರೆ ಗಾಡಿ ಗೇಟ್ ದಾಟಬಾರದು.

ಈಗ ನಾನು ರೇಟ್ ಕೇಳುವ ರೀತಿಯೇ ಬೇರೆ. ಕಿಲೋಮೀಟರ್ ಲೆಕ್ಕ ಆಮೇಲೆ. ಮೊದಲು ಗಾಡಿ ನನ್ನ ಕೈ ಬಿಟ್ಟು ಮತ್ತೆ ಲೋಡಿಗೆ ಸಿಗುವ ತನಕ ಎಷ್ಟು ಗಂಟೆ, ಅದರಲ್ಲಿ ಯೂನಿಟ್ ಓಡುವುದು ಎಷ್ಟು ಗಂಟೆ. ತಲುಪುವುದು ಯಾವ ದಿನ? ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ಆದರೆ ಬೇಡವೇ ಬೇಡ, ಇಲ್ಲ ಅಂದರೆ ಅದಕ್ಕೆ ತಕ್ಕ ದುಡ್ಡು ಸೇರಿಸಿಯೇ ರೇಟ್ ಹೇಳುತ್ತೇನೆ. ಅಪಾಯಿಂಟ್‌ಮೆಂಟ್ ಟೈಮ್ ಬರಹದಲ್ಲಿ ಬೇಕು. ಫ್ರೀ ಟೈಮ್ 6 ಗಂಟೆ, ಆಮೇಲೆ ಗಂಟೆ ಲೆಕ್ಕ, ಭಾನುವಾರವೂ ಸೇರಿ. ಇದೆಲ್ಲ ವಾಟ್ಸಾಪ್‌ನಲ್ಲಿ "ಓಕೆ" ಅಂತ ಬಂದ ಮೇಲೇ ಗಾಡಿ ನಂಬರ್ ಕೊಡುವುದು. 60 ದಿನದ ಬಾಕಿ ಅಂದರೆ ನಮ್ಮ ದುಡ್ಡಲ್ಲಿ ಅವರು ವ್ಯಾಪಾರ ಮಾಡುವುದು, ಬಂಕಿನವನು ನಮಗೆ 60 ದಿನ ಬಿಡುತ್ತಾನಾ?

ಸಣ್ಣವರಿಗೆ ಇನ್ನೆರಡು ವಿಷಯ. 10 ಅಥವಾ ಅದಕ್ಕಿಂತ ಕಮ್ಮಿ ಗಾಡಿ ಇದ್ದರೆ ಪ್ಯಾನ್ ಜೊತೆ ಡಿಕ್ಲರೇಶನ್ ಕೊಡಿ, ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವ ಹಾಗಿಲ್ಲ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ಪಟ್ಟಿ) ನೋಂದಣಿ ಮಾಡಿಸಿಕೊಂಡಿರಿ. ಮಾಡಿಸಿದ್ದರೆ, ಅಗ್ರಿಮೆಂಟ್‌ನಲ್ಲಿ ಏನೇ ಬರೆದಿರಲಿ, ಬಾಕಿ ಕೊಡುವುದನ್ನು 45 ದಿನ ದಾಟಿಸುವ ಹಾಗಿಲ್ಲ. ದಾಟಿದರೆ ಬಡ್ಡಿ ಸೇರಿಸಿ ಕೇಳಬಹುದು, ಸಣ್ಣ ಉದ್ದಿಮೆಗಳ ಬಾಕಿಗೆಂದೇ ಇರುವ ಸರ್ಕಾರಿ ಎಂಎಸ್ಎಂಇ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ನಾನು ಕೊಟ್ಟಿದ್ದೇನೆ. ಬಾಕಿ ಇನ್ನೂ ಬಂದಿಲ್ಲ, ಬ್ರೋಕರ್ ಫೋನ್ ಎತ್ತುತ್ತಿಲ್ಲ. ಬಂದರೆ ಇಲ್ಲೇ ತಿಳಿಸುತ್ತೇನೆ. ತಳೋಜ ಕಡೆ ರೀಫರ್‌ಗೆ ಕರೆಂಟ್ ಕೊಡುವ ಕೋಲ್ಡ್ ಸ್ಟೋರೇಜ್ ಯಾವುದಾದರೂ ಗೊತ್ತಿದ್ದವರು ಹೇಳಿ.