ಸ್ನ್ಯಾಪ್‌ಸೀಡ್‌ನಲ್ಲಿ ಕಪ್ಪು-ಬಿಳುಪು: ಮೊದಲು ಆ ಬಣ್ಣದ ಫಿಲ್ಟರ್ ಒತ್ತಿ ನೋಡಿ

ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ಮಾಡೋಕೆ ಯಾವ ಆ್ಯಪ್ ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ಸ್ನ್ಯಾಪ್‌ಸೀಡ್ ಅಂತಲೇ ಹೇಳುತ್ತೇನೆ. ದುಡ್ಡು ಕೊಡಬೇಕಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ. ಅದಿರಲಿ, ನನಗೆ ಇಷ್ಟವಾಗಿರುವುದು ಅದರ ಬ್ಲ್ಯಾಕ್ ಆಂಡ್ ವೈಟ್ ಟೂಲ್ ಒಳಗಿರುವ ಕಲರ್ ಫಿಲ್ಟರ್ ಅನ್ನುವ ಒಂದು ಚಿಕ್ಕ ಬಟನ್. ತುಂಬಾ ಜನ ಅದನ್ನು ಮುಟ್ಟುವುದೇ ಇಲ್ಲ. ಕಪ್ಪು-ಬಿಳುಪು ಮಾಡುವಾಗ ಬಣ್ಣದ ಬಟನ್ ಯಾಕೆ ಅಂತ ನಾನೂ ಬಹಳ ದಿನ ಅದರ ಕಡೆ ನೋಡಿರಲಿಲ್ಲ.

ನನ್ನ ಕಣ್ಣು ತೆರೆಸಿದ್ದು ಅಜ್ಜಿಯ ಒಂದು ಫೋಟೋ. ಕಿಟಕಿ ಪಕ್ಕ ಕೂತಿದ್ದಾರೆ, ಹೆಗಲ ಮೇಲೆ ಕೆಂಪು ಶಾಲು, ಹಿಂದೆ ಹಸಿರು ಬಳ್ಳಿ. ಬಣ್ಣದಲ್ಲಿ ಆ ಶಾಲು ಹೊಳೆಯುತ್ತಿತ್ತು. ಟೂಲ್ ತೆರೆದು ನ್ಯೂಟ್ರಲ್ ಒತ್ತಿದೆ ನೋಡಿ, ಶಾಲೂ ಎಲೆಗಳೂ ಒಂದೇ ಬೂದು ಬಣ್ಣಕ್ಕೆ ತಿರುಗಿ ಅಜ್ಜಿಯ ಹೆಗಲು ಎಲ್ಲಿ ಮುಗಿಯಿತು, ಬಳ್ಳಿ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗಲಿಲ್ಲ. ಕಾಂಟ್ರಾಸ್ಟ್ (ಕಪ್ಪು-ಬಿಳಿಯ ನಡುವಿನ ಅಂತರ) ಜಾಸ್ತಿ ಮಾಡಿದೆ. ಎರಡೂ ಒಟ್ಟಿಗೇ ಕಪ್ಪಾದವು, ಅಷ್ಟೇ.

ಇದು ಆ್ಯಪಿನ ತಪ್ಪಲ್ಲ. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತದೆ, ನೀಲಿ ತೀರಾ ಕಡಿಮೆ. ಅದಕ್ಕೇ ಪರದೆಯ ಬಣ್ಣವನ್ನು ಬೆಳಕಿನ ಮಟ್ಟಕ್ಕೆ ಇಳಿಸುವ ಸಾಮಾನ್ಯ ಲೆಕ್ಕದಲ್ಲಿ ನೂರಕ್ಕೆ ಸುಮಾರು 72 ಪಾಲು ಹಸಿರಿಗೆ, 21 ಕೆಂಪಿಗೆ, 7 ನೀಲಿಗೆ. ಹೀಗೆ ಇಳಿಸಿದಾಗ ಎದ್ದು ಕಾಣುವ ಕೆಂಪೂ ನೆರಳಿನಲ್ಲಿರುವ ಹಸಿರೂ ಹತ್ತಿರ ಹತ್ತಿರ ಒಂದೇ ಬೂದು. ಬಣ್ಣದಲ್ಲಿ ಇದ್ದ ವ್ಯತ್ಯಾಸ ಬೆಳಕಿನಲ್ಲಿ ಇರಲೇ ಇಲ್ಲ, ಹಾಗಾಗಿ ಕಾಂಟ್ರಾಸ್ಟ್ ಎಷ್ಟು ಎಳೆದರೂ ಅದು ಹುಟ್ಟುವುದಿಲ್ಲ.

ಆಮೇಲೆ ಸುಮ್ನೆ ಆ ಕಲರ್ ಫಿಲ್ಟರ್ ಒತ್ತಿದೆ. ಕೆಂಪು ಆರಿಸಿದರೆ ಶಾಲು ಬೆಳ್ಳಗಾಯಿತು, ಬಳ್ಳಿ ಕಪ್ಪಾಯಿತು. ಹಸಿರು ಆರಿಸಿದರೆ ಪೂರ್ತಿ ಉಲ್ಟಾ. ಒಂದೇ ಫೋಟೋದಿಂದ ಎರಡು ಬೇರೆ ಬೇರೆ ಫೋಟೋ! ಮುಖದಲ್ಲೂ ಅಷ್ಟೇ ಬದಲಾವಣೆ. ಚರ್ಮದಲ್ಲಿ ಕೆಂಪು ಜಾಸ್ತಿ ಇರುವುದರಿಂದ ಕೆಂಪು ಫಿಲ್ಟರಿನಲ್ಲಿ ಸುಕ್ಕುಗಳೆಲ್ಲ ಅಳಿಸಿಹೋಗಿ ಅಜ್ಜಿ ಮೇಣದ ಗೊಂಬೆಯ ಹಾಗೆ ಕಂಡರು. ಅದು ನನಗೆ ಬೇಡವಾಗಿತ್ತು. ನೀಲಿಯಲ್ಲಿ ಮುಖದ ಒಂದೊಂದು ಕಲೆಯೂ ಎದ್ದು ಬಂತು, ಜೊತೆಗೆ ನಾಯ್ಸ್ (ಮರಳಿನಂಥ ಚುಕ್ಕೆಗಳು) ಕೂಡ, ಯಾಕೆಂದರೆ ಕ್ಯಾಮೆರಾದ ನೀಲಿ ಚಾನೆಲ್‌ನಲ್ಲಿ ಸಾಮಾನ್ಯವಾಗಿ ನಾಯ್ಸ್ ಹೆಚ್ಚು. ಹಸಿರಿನಲ್ಲಿ ಸುಕ್ಕು ಸುಕ್ಕಾಗಿಯೇ ಉಳಿಯಿತು, ಶಾಲು ಗಾಢವಾಯಿತು, ತಿಳಿಯಾದ ಎಲೆಗಳ ಮುಂದೆ ಅಜ್ಜಿ ಅಜ್ಜಿಯಾಗಿಯೇ ಕೂತಿದ್ದರು. ಅದನ್ನೇ ಇಟ್ಟುಕೊಂಡೆ.

ಫಿಲ್ಮ್ ಕಾಲದಲ್ಲಿ ಈ ಫಿಲ್ಟರ್ ನಿಜವಾದ ಬಣ್ಣದ ಗಾಜು, ಲೆನ್ಸ್ ಮುಂದೆ ಹಾಕಬೇಕಿತ್ತು. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಫೋಟೋ ತೆಗೆಯುವಾಗ ಅವರ ಬಳಿ ಉಳಿದಿದ್ದು ಎರಡೇ ಪ್ಲೇಟು (ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಹಾಳೆ). ಮೊದಲನೆಯದಕ್ಕೆ ಹಳದಿ ಫಿಲ್ಟರ್ ಹಾಕಿದರು, ಮನಸ್ಸಿನಲ್ಲಿದ್ದ ಚಿತ್ರ ಅದರಲ್ಲಿ ಬರುವುದಿಲ್ಲ ಅನ್ನಿಸಿ ಕೊನೆಯ ಪ್ಲೇಟಿಗೆ ಗಾಢ ಕೆಂಪು ಹಾಕಿದರು. ಆಕಾಶ ಹೆಚ್ಚುಕಡಿಮೆ ಕಪ್ಪಾಗಿ ಬಂತು, ಬಂಡೆ ಎದ್ದು ನಿಂತಿತು. ಅವರು ಕ್ಲಿಕ್ ಮಾಡುವ ಮೊದಲೇ ತೀರ್ಮಾನ ಮಾಡಬೇಕಿತ್ತು. ನಾವು ಮನೆಗೆ ಬಂದು ಕೂತು ಒಂದೊಂದಾಗಿ ಒತ್ತಿ ನೋಡಬಹುದು. ಈ ಸೌಲಭ್ಯ ಕೈಯಲ್ಲಿದ್ದೂ ಬಳಸದೆ ಬಿಟ್ಟರೆ ನಷ್ಟ ಅಲ್ವಾ?

ಟೂಲ್ ತೆರೆದ ಕೂಡಲೇ ಕಾಣುವ ರೆಡಿಮೇಡ್ ಆಯ್ಕೆಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ನ್ಯೂಟ್ರಲ್‌ನಿಂದ ಶುರು ಮಾಡಿ, ಫಿಲ್ಟರ್ ಆರಿಸಿ, ಆಮೇಲೆ ಬ್ರೈಟ್‌ನೆಸ್, ಕಾಂಟ್ರಾಸ್ಟ್. ಗ್ರೇನ್ (ಹಳೇ ಫಿಲ್ಮಿನಂಥ ಸಣ್ಣ ಕಾಳು ಕಾಳು) ಕೊನೆಗೆ, ಅದೂ ಸ್ವಲ್ಪ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮೆಟ್ಟಿಲು ಮಾತ್ರ. ಜೋರಾಗಿ ಎಳೆದರೆ ಖಾಲಿ ಗೋಡೆ, ಆಕಾಶದಂಥ ಕಡೆ ಪಟ್ಟೆ ಪಟ್ಟೆ ಕಾಣುತ್ತದೆ. ತುಸು ಗ್ರೇನ್ ಅದನ್ನು ಮರೆಸುತ್ತದೆ.

ನಾನು ನಿಜವಾಗಿ ಸಮಯ ಕಳೆಯುವುದು ಬ್ರಷ್ ಟೂಲ್‌ನ ಡಾಡ್ಜ್ ಆಂಡ್ ಬರ್ನ್‌ನಲ್ಲಿ. ಹೆಸರು ಫಿಲ್ಮ್ ಫೋಟೋ ಪ್ರಿಂಟ್ ಹಾಕುವ ಕತ್ತಲೆ ಕೋಣೆ, ಅಂದರೆ ಡಾರ್ಕ್‌ರೂಮಿನಿಂದ ಬಂದದ್ದು. ಎನ್‌ಲಾರ್ಜರ್‌ನ (ಫಿಲ್ಮಿನ ಚಿತ್ರವನ್ನು ದೊಡ್ಡದಾಗಿ ಬೀಳಿಸುವ ಯಂತ್ರ) ಬೆಳಕು ಕಾಗದದ ಮೇಲೆ ಬೀಳುವಾಗ ಕೈಯನ್ನೋ ರಟ್ಟಿನ ಚೂರನ್ನೋ ಅಡ್ಡ ಹಿಡಿದರೆ ಆ ಜಾಗ ತಿಳಿಯಾಗುತ್ತದೆ, ಅದು ಡಾಡ್ಜ್. ಒಂದು ಜಾಗಕ್ಕೆ ಮಾತ್ರ ಇನ್ನಷ್ಟು ಹೊತ್ತು ಬೆಳಕು ಬಿಟ್ಟರೆ ಅದು ಕಪ್ಪಾಗುತ್ತದೆ, ಅದು ಬರ್ನ್. ಆ್ಯಪಿನಲ್ಲಿ ಬೆರಳಿಂದ ಉಜ್ಜಿದರೆ ಸಾಕು. ತಿಳಿ ಮಾಡೋಕೆ 5, ಕಪ್ಪು ಮಾಡೋಕೆ ಮೈನಸ್ 5 ಇಟ್ಟುಕೊಳ್ಳಿ, 10ಕ್ಕೆ ಹೋಗಬೇಡಿ, ಉಜ್ಜಿದ ಗುರುತು ಕಾಣುತ್ತದೆ. ಬ್ರಷ್ ಚಿಕ್ಕದು ಬೇಕಾದರೆ ಫೋಟೋವನ್ನು ಝೂಮ್ ಮಾಡಿ, ದೊಡ್ಡದು ಬೇಕಾದರೆ ಝೂಮ್ ಕಡಿಮೆ ಮಾಡಿ.

ಎಲ್ಲಿ ಉಜ್ಜಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ನಾನು ಫೋನನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ. ಆಗ ಮುಖ, ಎಲೆ, ಕಿಟಕಿ ಎಲ್ಲ ಮಾಯವಾಗಿ ಬರೀ ಬೆಳಕಿನ ತುಂಡು, ಕತ್ತಲಿನ ತುಂಡು ಉಳಿಯುತ್ತವೆ. ಮೊದಲು ಕಣ್ಣು ಎಲ್ಲಿಗೆ ಓಡುತ್ತದೆ? ಅಜ್ಜಿಯ ಫೋಟೋದಲ್ಲಿ ಅದು ಮುಖಕ್ಕೆ ಹೋಗಲಿಲ್ಲ, ಮೂಲೆಯಲ್ಲಿದ್ದ ಕಿಟಕಿ ಚೌಕಟ್ಟಿನ ಬಿಳಿ ತುಂಡಿಗೆ ಹೋಯಿತು. ಅದನ್ನು ಎರಡು ಮೂರು ಸಲ ಉಜ್ಜಿ ಮಂಕು ಮಾಡಿದೆ, ಕೆನ್ನೆಯ ಒಂದು ಬದಿಯನ್ನು ಒಂದೇ ಒಂದು ಸಲ ತಿಳಿ ಮಾಡಿದೆ. ಬೇರೆಯವರ ಒಳ್ಳೆಯ ಕಪ್ಪು-ಬಿಳುಪು ಫೋಟೋಗಳನ್ನೂ ಈಗ ಹೀಗೇ ನೋಡುತ್ತೇನೆ. ಎಲ್ಲಿ ಕಪ್ಪು ಪೂರ್ತಿ ಮುಚ್ಚಿದೆ, ಎಲ್ಲಿ ಕತ್ತಲೊಳಗೂ ಒಂದು ಎಳೆ ಕಾಣುವ ಹಾಗೆ ಬಿಟ್ಟಿದ್ದಾರೆ ಅಂತ ಹುಡುಕುವುದು ಎಷ್ಟು ಖುಷಿ ಕೊಡುತ್ತದೆ ಗೊತ್ತಾ.

ಡಿಟೇಲ್ಸ್‌ನ ಸ್ಟ್ರಕ್ಚರ್ ಬಗ್ಗೆ ಮಾತ್ರ ಹುಷಾರು. ಅದು ಮೇಲ್ಮೈಯ ಸಣ್ಣ ಸಣ್ಣ ವಿವರಗಳನ್ನು ಎತ್ತಿ ತೋರಿಸುವ ಟೂಲ್. ಕಲ್ಲು, ಮರ, ಹಳೇ ಬಾಗಿಲು ಇಂಥದ್ದಕ್ಕೆ ಚೆನ್ನಾಗಿದೆ. ಮುಖಕ್ಕೆ ಜಾಸ್ತಿ ಹಾಕಿದರೆ ಚರ್ಮ ಒರಟಾಗಿ, ಕೂದಲ ಸುತ್ತ ಬಿಳಿ ಗೆರೆ ಮೂಡುತ್ತದೆ. ಹಾಗಾದರೆ ಪೂರ್ತಿ ಅಳಿಸಬೇಕಿಲ್ಲ. ವ್ಯೂ ಎಡಿಟ್ಸ್‌ಗೆ ಹೋದರೆ ಮಾಡಿದ ಕೆಲಸಗಳೆಲ್ಲ ಒಂದರ ಮೇಲೊಂದು ಇರುತ್ತವೆ. ಅಲ್ಲಿ ಬ್ರಷ್ ತೆಗೆದುಕೊಂಡು ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಸ್ಟ್ರಕ್ಚರ್ ಬಳಿದು ಮುಖವನ್ನು ಬಿಟ್ಟುಬಿಡಬಹುದು. ಬಟನ್‌ಗಳ ಜಾಗ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಸ್ವಲ್ಪ ಹುಡುಕಿ.

ಮಿತಿಗಳೂ ಇವೆ. ಫೋಟೋ ತಿದ್ದುವ ಇನ್ನೊಂದು ಆ್ಯಪ್ ಆದ ಲೈಟ್‌ರೂಮ್‌ನಲ್ಲಿ ಎಂಟು ಬಣ್ಣಗಳಿಗೆ ಎಂಟು ಸ್ಲೈಡರ್ ಇವೆ, ಹಳದಿಯನ್ನು ಮಾತ್ರ ಒಂಚೂರು ಏರಿಸಿ ನೀಲಿಯನ್ನು ಇಳಿಸಬಹುದು. ಇಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಇಲ್ಲವೇ ನ್ಯೂಟ್ರಲ್, ಇಷ್ಟರಲ್ಲೇ ಆರಿಸಬೇಕು. ಇದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ ಕಪ್ಪು-ಬಿಳುಪು ಮಾಡುವ ಮೊದಲೇ ವೈಟ್ ಬ್ಯಾಲೆನ್ಸ್ (ಫೋಟೋದ ಒಟ್ಟಾರೆ ಹಳದಿ-ನೀಲಿ ಛಾಯೆ) ಬದಲಿಸುವುದು. ಫೋಟೋವನ್ನು ಹಳದಿ ಕಡೆಗೆ ತಳ್ಳಿದರೆ ಚರ್ಮ ತಿಳಿಯಾಗುತ್ತದೆ, ನೀಲಿ ಕಡೆಗೆ ತಳ್ಳಿದರೆ ಮಂಕಾಗುತ್ತದೆ. ಹೀಗೆ ಫಿಲ್ಟರಿನ ನಡುವಿನ ಮಟ್ಟಗಳೂ ಸಿಗುತ್ತವೆ. ಇನ್ನು ಆಕಾಶ. ಜೆಪೆಗ್ ಫೋಟೋಗೆ ಕೆಂಪು ಫಿಲ್ಟರ್ ಹಾಕಿದರೆ ಕಪ್ಪಾದ ಆಕಾಶದಲ್ಲಿ ಕಲೆ ಕಲೆ ಕಾಣಬಹುದು. ಕಿತ್ತಳೆಗೆ ನಿಲ್ಲಿಸಿ, ಅಥವಾ ನಿಮ್ಮ ಫೋನ್ ರಾ ಫೋಟೋ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಮಾಹಿತಿ) ತೆಗೆಯುವುದಾದರೆ ಆ ಡಿಎನ್‌ಜಿ ಫೈಲನ್ನೇ ತೆರೆಯಿರಿ.

ಅಜ್ಜಿಯ ಫೋಟೋ ಪ್ರಿಂಟ್ ಹಾಕಿಸಿದಾಗ ಮೊದಲ ಪ್ರತಿ ತುಂಬಾ ಕಪ್ಪಾಗಿ ಬಂತು. ಪರದೆ ತಾನೇ ಬೆಳಕು ಬೀರುತ್ತದೆ, ಕಾಗದಕ್ಕೆ ಆ ಬೆಳಕಿಲ್ಲ. ವಾಪಸ್ ಬಂದು ಫೋನಿನ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು, ನೆರಳಿನ ಜಾಗಗಳನ್ನು ಇನ್ನೊಮ್ಮೆ ನೋಡಿ, ಶಾಲಿನ ಮಡಿಕೆಗಳನ್ನು ಡಾಡ್ಜ್‌ನಿಂದ ಸ್ವಲ್ಪ ಮೇಲೆ ತಂದೆ. ಎರಡನೇ ಪ್ರತಿಯಲ್ಲಿ ಆ ಮಡಿಕೆಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿವೆ.