ಮಾಡೆಲ್ ಟಿಪ್ಪರ್‌ನ ತೊಟ್ಟಿ ಎತ್ತಲು ಯಾವುದು ಸರಿ? ಸರ್ವೋ, ಸಿರಿಂಜ್, ಸ್ಕ್ರೂ, ಹೈಡ್ರಾಲಿಕ್ – ನಾಲ್ಕನ್ನೂ ಹಾಕಿ ನೋಡಿದ್ದು

ರಿಮೋಟ್ ಟಿಪ್ಪರ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಮೋಟಾರ್ ಯಾವುದು, ಟೈರ್ ಎಲ್ಲಿ ಸಿಗುತ್ತದೆ ಅಂತ. ನಿಜ ಹೇಳಬೇಕೆಂದರೆ ಓಡುವ ಲಾರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಮರಳು ತುಂಬಿದ ತೊಟ್ಟಿಯನ್ನು ಎತ್ತುವುದೇ ಕಷ್ಟ. ಖಾಲಿ ತೊಟ್ಟಿಯನ್ನು ಯಾವುದು ಬೇಕಾದರೂ ಎತ್ತುತ್ತದೆ. ವಿಡಿಯೋಗಳಲ್ಲಿ ಸಲೀಸಾಗಿ ಮೇಲೇಳುವ ಎಷ್ಟೋ ತೊಟ್ಟಿಗಳು ಖಾಲಿಯೇ ಇರುತ್ತವೆ, ಗಮನಿಸಿ ನೋಡಿ.

ನಾನು ಆರಿಸಿಕೊಂಡಿದ್ದು ಟಾಟಾ ಎಲ್‌ಪಿಕೆ 2518. ನಮ್ಮ ಕಡೆ ಜಲ್ಲಿ, ಎಂ-ಸ್ಯಾಂಡ್ ಹೊಡೆಯುತ್ತಿದ್ದ ಹತ್ತು ಚಕ್ರದ ಹಳೇ ಟಿಪ್ಪರ್. ಹೆಸರಿನಲ್ಲೇ ಲೆಕ್ಕ ಇದೆ: ಲೋಡ್ ಸೇರಿ 25 ಟನ್, ಎಂಜಿನ್ 180 ಎಚ್‌ಪಿ. (2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮಿತಿ ಏರಿಸಿದ ಮೇಲೆ ಈ ವರ್ಗದ ಮಿತಿ 28.5 ಟನ್ ಆಯಿತು. ಈಗ ಬರುವ ಹೆಸರುಗಳು 28ರಿಂದ ಶುರುವಾಗುವುದು ಅದಕ್ಕೇ.) ಮೈಸೂರಿನ ಬೆಮೆಲ್ ಕಾರ್ಖಾನೆಯ ಗಣಿ ಡಂಪರ್ ಮಾಡುವ ಆಸೆಯೂ ಇತ್ತು. ಆದರೆ 100 ಟನ್ ಡಂಪರ್‌ನ ಟೈರೇ ಎರಡೂವರೆ ಮೀಟರ್‌ಗಿಂತ ಎತ್ತರ. ನಾನು ಮಾಡುವ ಅಳತೆಯಲ್ಲೂ ಅದು 18 ಸೆಂ.ಮೀ ದಾಟುತ್ತದೆ. ಅಂಥ ಟೈರ್ ಹುಡುಕಿಕೊಂಡು ಅಲೆಯುವುದು ಬೇಡ ಅಂತ ಸುಮ್ಮನಾದೆ.

ಅಳತೆ 1:14. ಬೇರೆ ದೇಶಗಳಲ್ಲಿ ತಾಮಿಯಾ ಅನ್ನುವ ಜಪಾನಿ ಮಾಡೆಲ್ ಕಂಪನಿಯ ಲಾರಿಗಳಿಂದಾಗಿ ಇದೇ ಅಳತೆ ರೂಢಿಯಾಗಿದೆ, ಹಾಗಾಗಿ ಬಿಡಿಭಾಗ ಸಿಗುವುದು ಸುಲಭ. ಒಂದೇ ತಕರಾರು ಟೈರಿನದ್ದು. ಆ ಲಾರಿಗಳ ಟೈರ್ ಸುಮಾರು 83 ಮಿ.ಮೀ. ನಮ್ಮ ಟಿಪ್ಪರ್‌ನ 10.00-20 ಟೈರಿನ ಎತ್ತರವನ್ನು 14ರಿಂದ ಭಾಗಿಸಿದರೆ 75 ಬರುತ್ತದೆ. ದೊಡ್ಡ ಟೈರ್ ಹಾಕಿದರೆ ನಮ್ಮ ಲಾರಿಯ ಮುಖ ಕೆಡುತ್ತದೆ. 75ರ ಆಸುಪಾಸಿನದ್ದನ್ನೇ ಹುಡುಕಿ ಹಾಕಿ.

ಈಗ ಲೆಕ್ಕ, ಸ್ವಲ್ಪ ತಾಳ್ಮೆ ಇರಲಿ. ಉದ್ದ 14ರಲ್ಲಿ ಒಂದು ಪಾಲಾದರೆ ಗಾತ್ರ 2,744ರಲ್ಲಿ ಒಂದು ಪಾಲು. ನನ್ನ ತೊಟ್ಟಿಯ ಒಳ ಅಳತೆ 32 ಸೆಂ.ಮೀ ಉದ್ದ, 16.5 ಅಗಲ, 7 ಎತ್ತರ. ಅಂದರೆ ಸುಮಾರು 3.7 ಲೀಟರ್, ನಿಜವಾದ ಲಾರಿಯಲ್ಲಿ 10 ಘನ ಮೀಟರ್. ಒಣ ಮರಳು ಲೀಟರಿಗೆ ಹೆಚ್ಚುಕಡಿಮೆ 1.6 ಕೆಜಿ, ಹಾಗಾಗಿ ಲೋಡ್ 6 ಕೆಜಿ. ತೊಟ್ಟಿಯದೇ ತೂಕ ಸೇರಿದರೆ 7. ಈ ಭಾರದ ನಡುಬಿಂದು ಹಿಂದಿನ ಕೀಲಿನಿಂದ 13 ಸೆಂ.ಮೀ ಮುಂದಿದೆ. 7ನ್ನು 13ರಿಂದ ಗುಣಿಸಿ, ಕೀಲಿನಲ್ಲಿ ಸುಮಾರು 90 ಕೆಜಿ-ಸೆಂ.ಮೀ ತಿರುಚು ಬಲ ಬೇಕು. ಇದೊಂದು ಅಂಕಿ ಕೈಯಲ್ಲಿದ್ದರೆ ಮಾರುವವರ ಮಾತಿಗೆ ಮರುಳಾಗುವುದು ತಪ್ಪುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಜಾಕಿ ಎಲ್ಲಿ ಕೂರುತ್ತದೆ ಅನ್ನುವುದು. ಏನು ಹಾಕಬೇಕು ಅನ್ನುವುದಕ್ಕಿಂತ ಮೊದಲು ಎಲ್ಲಿ ಅನ್ನುವುದನ್ನು ತೀರ್ಮಾನಿಸಬೇಕು. ರಸ್ತೆಯಲ್ಲಿ ಎರಡು ಥರ ಕಾಣುತ್ತವೆ. ಒಂದು, ಕ್ಯಾಬಿನ್ ಹಿಂದೆ ನೆಟ್ಟಗೆ ನಿಂತು ತೊಟ್ಟಿಯ ಮೂತಿಯನ್ನೇ ಎತ್ತುವ ಉದ್ದ ಟೆಲಿಸ್ಕೋಪ್ ಜಾಕಿ. ಇನ್ನೊಂದು, ತೊಟ್ಟಿಯ ಅಡಿಯಲ್ಲಿ ಚಾಸಿ ನಡುವೆ ಮಲಗಿರುವ ಜಾಕಿ. ಮುಂದಿನದಕ್ಕೆ ಬಲ ಕಡಿಮೆ ಸಾಕು. ಕೀಲಿನಿಂದ 28 ಸೆಂ.ಮೀ ದೂರದಲ್ಲಿ ಎತ್ತುವುದರಿಂದ ಮೂರೂಕಾಲು ಕೆಜಿ ಒತ್ತಿದರೆ ಆಯಿತು. ಆದರೆ 45 ಡಿಗ್ರಿ ಎತ್ತಲು ಅದು 21 ಸೆಂ.ಮೀಗಿಂತ ಜಾಸ್ತಿ ಉದ್ದವಾಗಬೇಕು, ಮಡಚಿಕೊಂಡಾಗ 8-9 ಸೆಂ.ಮೀ ಜಾಗದಲ್ಲಿ ಅಡಗಬೇಕು. ಅಡಿಯದಕ್ಕೆ 6-7 ಸೆಂ.ಮೀ ಚಾಚಿದರೆ ಸಾಕು. ಆದರೆ ಓರೆಯಾಗಿ ಮಲಗಿರುವುದರಿಂದ ಮೊದಲ ಕ್ಷಣದಲ್ಲಿ 22 ಕೆಜಿ ತನಕ ಒತ್ತಬೇಕು. ಅತ್ತ ದರಿ, ಇತ್ತ ಪುಲಿ.

ಸರ್ವೋದಿಂದ, ಅಂದರೆ ರಿಮೋಟ್ ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಗೇರ್ ಮೋಟಾರಿನಿಂದ ಶುರು ಮಾಡೋಣ, ಎಲ್ಲರೂ ಮೊದಲು ಕೈಹಾಕುವುದು ಅದಕ್ಕೇ. ಸ್ಟಿಯರಿಂಗ್‌ಗೆ ಹೇಗೂ ಬೇಕು, ಇನ್ನೊಂದು ತಂದು ತೊಟ್ಟಿಗೂ ಹಾಕಿದರಾಯಿತು ಅನ್ನುವ ಯೋಚನೆ. 20 ಕೆಜಿ ಸರ್ವೋ ಅಂತ ಬರೆದಿರುತ್ತದೆ, 7 ಕೆಜಿ ಎತ್ತಲ್ವಾ ಅನ್ನಿಸುತ್ತದೆ. ಆ 20 ಇರುವುದು 1 ಸೆಂ.ಮೀ ದೂರಕ್ಕೆ. ಲಿವರ್ ಹಾಕಿ ಹೆಚ್ಚಿಸಿಕೊಳ್ಳಬಹುದಲ್ಲ ಅಂತ ಕೇಳಬಹುದು. ಅರ್ಧ ಸುತ್ತಿಗೆ 20 ಕೆಜಿ-ಸೆಂ.ಮೀ ಸರ್ವೋ ಮಾಡಬಲ್ಲ ಕೆಲಸ ಒಟ್ಟು 63 ಕೆಜಿ-ಸೆಂ.ಮೀ. ತೊಟ್ಟಿಯನ್ನು 45 ಡಿಗ್ರಿಗೆ ಎತ್ತಲು ಬೇಕಾದದ್ದು 64. ಅಂದರೆ ಲಿವರ್ ಎಷ್ಟೇ ಜಾಣತನದಿಂದ ಹಾಕಿದರೂ ಕೈಗೆ ಉಳಿಯುವುದು ಏನೂ ಇಲ್ಲ. ನನ್ನದು ಎರಡು ಕೆಜಿ ಮರಳಿನ ತನಕ ಎತ್ತಿತು. ಆಮೇಲೆ ಗುಂಯ್ ಅನ್ನುತ್ತಾ ನಡುಗುತ್ತಾ ನಿಂತುಬಿಟ್ಟಿತು. ಹಾಗೆ ನಿಂತಾಗಲೂ ಕರೆಂಟ್ ಎಳೆಯುತ್ತಲೇ ಇರುತ್ತದೆ, ಮುಟ್ಟಿದರೆ ಕೈ ಸುಡುತ್ತದೆ. 60 ಕೆಜಿಯದ್ದು ತಂದರೆ ಎತ್ತುತ್ತದೆ, ಆದರೆ ಒಂದೇ ಸಲಕ್ಕೆ ಚಕ್ಕಂತ ಎತ್ತಿ ಮರಳನ್ನು ಎರಚುತ್ತದೆ. ರಿಮೋಟ್‌ನಲ್ಲಿ ಚಾನೆಲ್ ವೇಗ ತಗ್ಗಿಸಬಹುದು, ಆದರೂ ಆಟಿಕೆ ಥರವೇ ಕಾಣುತ್ತದೆ. ಮಕ್ಕಳಿಗೆ ಕೊಡುವ ಥರ್ಮಾಕೋಲ್ ಲಾರಿಗೆ ಸರ್ವೋ ಸಾಕು. ಮರಳು ಹೊರುವ ಲಾರಿಗೆ ಬೇಡ.

ಸಿರಿಂಜ್ ವಿಷಯಕ್ಕೆ ಬಂದರೆ, ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಸಿರಿಂಜ್ ಜೆಸಿಬಿ ನೋಡದವರು ಯಾರಿದ್ದಾರೆ? ಖರ್ಚು ನೂರು ರೂಪಾಯಿ ದಾಟುವುದಿಲ್ಲ. ಒಂದು ಸಿರಿಂಜನ್ನು ಮೋಟಾರ್ ಒತ್ತಬೇಕು, ಇನ್ನೊಂದು ತೊಟ್ಟಿಯ ಕೆಳಗೆ ಚಾಚಬೇಕು. ಕೇಳಲು ಚೆನ್ನಾಗಿದೆ. ಹತ್ತು ಎಂಎಲ್ ಸಿರಿಂಜ್ ಚಾಚುವುದು 5-6 ಸೆಂ.ಮೀ ಮಾತ್ರ, ಹಾಗಾಗಿ ಅಡಿಯಲ್ಲೇ ಕೂರಿಸಬೇಕು. ಅಲ್ಲಿ 22 ಕೆಜಿ ಒತ್ತಡ ಬಿದ್ದಾಗ ಪೈಪ್ ತುದಿಯಿಂದ ಕಿತ್ತು ಬಂದು ನೀರು ಚಿಮ್ಮುತ್ತದೆ. ತಂತಿ ಬಿಗಿದು ನಿಲ್ಲಿಸಿದೆ ಅಂತಲೇ ಇಟ್ಟುಕೊಳ್ಳಿ, ಒಳಗಿನ ರಬ್ಬರ್ ಅಂಟಿಕೊಂಡು ಕೂತಿರುತ್ತದೆ. ಒತ್ತಡ ಏರುತ್ತದೆ, ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಹಾರುತ್ತದೆ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ತೊಟ್ಟಿ ತೂಗಾಡುತ್ತದೆ. ಮಕ್ಕಳಿಗೆ ಪಾಸ್ಕಲ್ ನಿಯಮ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಲಾರಿಗೆ ನನ್ನ ಓಟು ಇಲ್ಲ.

ಸ್ಕ್ರೂ ಜಾಕಿಯೇ ನನ್ನ ಲಾರಿಯಲ್ಲಿ ಉಳಿದಿರುವುದು. 12 ವೋಲ್ಟಿನ ಗೇರ್ ಮೋಟಾರ್, ಅದಕ್ಕೆ ಎಂ6 (6 ಮಿ.ಮೀ ದಪ್ಪದ) ಥ್ರೆಡ್ ರಾಡ್, ರಾಡಿನ ಮೇಲೆ ಒಂದು ಹಿತ್ತಾಳೆ ನಟ್, ನಟ್‌ಗೆ ಬೆಸುಗೆ ಹಾಕಿದ ಒಂದು ಕೊಳವೆ. ಮೋಟಾರ್ ತಿರುಗಿದರೆ ಕೊಳವೆ ಹೊರಗೆ ಬರುತ್ತದೆ, ಅಷ್ಟೇ. ಎಂ6 ರಾಡಿನಲ್ಲಿ ಒಂದು ಸುತ್ತಿಗೆ 1 ಮಿ.ಮೀ ಸರಿಯುತ್ತದೆ. 300 ಆರ್‌ಪಿಎಂ ಮೋಟಾರಿಗೆ ಸೆಕೆಂಡಿಗೆ 5 ಮಿ.ಮೀ. ಆರೂವರೆ ಸೆಂ.ಮೀ ಚಾಚಲು 13 ಸೆಕೆಂಡ್, ಲೋಡ್ ಇದ್ದರೆ ಇನ್ನೂ ಸ್ವಲ್ಪ. ಸೈಟಿನಲ್ಲಿ ಟಿಪ್ಪರ್ ಎತ್ತುವುದನ್ನು ನೋಡಿದವರಿಗೆ ಈ ನಿಧಾನವೇ ಸರಿ ಅನ್ನಿಸುತ್ತದೆ.

ಮೋಟಾರ್ ಬಗ್ಗೆ ಒಂದು ಮಾತು. ಬೆರಳಿನಷ್ಟು ಚಿಕ್ಕದಾದ ಎನ್20 ಮೋಟಾರ್ ಚಂದವಾಗಿ ಅಡಗಿ ಕೂರುತ್ತದೆ, ಆದರೆ 22 ಕೆಜಿ ಒತ್ತಲು ಸ್ಕ್ರೂಗೆ ಹತ್ತಿರ ಹತ್ತಿರ ಒಂದೂವರೆ ಕೆಜಿ-ಸೆಂ.ಮೀ ತಿರುಚು ಬೇಕು. ಅದು ಎನ್20 ಕೈಯಲ್ಲಿ ಆಗುವುದಿಲ್ಲ. ಎಂಜಿನಿಯರಿಂಗ್ ಹುಡುಗರು ರೋಬೋ ರೇಸಿಗೆ ಕೊಳ್ಳುವ ಜಾನ್ಸನ್ ಗೇರ್ ಮೋಟಾರ್ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಚಾಸಿಯ ಎರಡು ಪಟ್ಟಿಗಳ ನಡುವೆ 6 ಸೆಂ.ಮೀ ಜಾಗ ಇದ್ದರೆ ಅದು ಆರಾಮಾಗಿ ಕೂರುತ್ತದೆ.

ರಾಡ್ ಆರಿಸುವಾಗ ಹುಷಾರು. 3ಡಿ ಪ್ರಿಂಟರ್ ಸಾಮಾನಿನ ಅಂಗಡಿಯಲ್ಲಿ ನಯವಾದ, ಹೊಳೆಯುವ ಟಿ8 ಸ್ಕ್ರೂ ಕೊಡುತ್ತಾರೆ. ನೋಡಿದರೆ ಎಂ6 ರಾಡ್ ಗುಜರಿ ಸಾಮಾನಿನಂತೆ ಕಾಣುತ್ತದೆ. ಆದರೆ ಅವರು ಹೆಚ್ಚಾಗಿ ಕೊಡುವ ಟಿ8ನಲ್ಲಿ ನಾಲ್ಕು ಎಳೆ, ಒಂದು ಸುತ್ತಿಗೆ 8 ಮಿ.ಮೀ ಸರಿಯುತ್ತದೆ. ಮೇಲಿನಿಂದ ಭಾರ ಬಿದ್ದರೆ ಅದು ತಾನಾಗಿ ಹಿಂದಕ್ಕೆ ತಿರುಗಿ ತೊಟ್ಟಿ ಇಳಿದುಬಿಡುತ್ತದೆ. ಎಂ6 ಹಾಗಲ್ಲ. ಬ್ಯಾಟರಿ ಕಿತ್ತರೂ ತೊಟ್ಟಿ ನಿಂತಲ್ಲೇ ನಿಂತಿರುತ್ತದೆ. ಹಗುರ ಗ್ರೀಸ್ ಹಚ್ಚುತ್ತಿರಿ, ಅದರ ಮೇಲೆ ಮರಳು ಕೂರದ ಹಾಗೆ ಒಂದು ರಬ್ಬರ್ ತೋಳು ಹಾಕಿ. ಎರಡು ತುದಿಗೂ ನಟ್ ಬಂದು ತಾಗಿದರೆ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್, ಪ್ರತಿ ಸ್ವಿಚ್‌ಗೆ ಅಡ್ಡಲಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್5408 ಡಯೋಡ್. ತುದಿ ಮುಟ್ಟಿದಾಗ ಮೋಟಾರ್ ನಿಲ್ಲುತ್ತದೆ, ಉಲ್ಟಾ ದಿಕ್ಕಿಗೆ ಮಾತ್ರ ಓಡುತ್ತದೆ. ಮುಂದೆ-ಹಿಂದೆ ಎರಡೂ ಓಡಿಸುವ ಸಾಧಾರಣ ಬ್ರಶ್ಡ್ ಇಎಸ್‌ಸಿಯನ್ನು (ಮೋಟಾರಿನ ವೇಗ, ದಿಕ್ಕು ನಿಯಂತ್ರಿಸುವ ಬೋರ್ಡ್) ರಿಮೋಟಿನ ಮೂರು ಹಂತದ ಸ್ವಿಚ್‌ಗೆ ಕೊಟ್ಟರೆ ಮೇಲೆ, ನಿಲ್ಲು, ಕೆಳಗೆ. ಎಲ್ಲ ಸೇರಿ ಸಾವಿರ ರೂಪಾಯಿ ಒಳಗೆ ಮುಗಿಯುತ್ತದೆ.

ರೆಡಿಮೇಡ್ ಲೀನಿಯರ್ ಆಕ್ಚುಯೇಟರ್ ಕೂಡ ಒಳಗೆ ಇದೇ ಸ್ಕ್ರೂ. ಬಲ ಧಾರಾಳ, ಲಿಮಿಟ್ ಸ್ವಿಚ್ ಒಳಗೇ ಇರುತ್ತದೆ, ಕೆಲಸ ಒಂದು ಸಂಜೆಗೆ ಮುಗಿಯುತ್ತದೆ. ಆದರೆ 10 ಸೆಂ.ಮೀ ಚಾಚುವುದು ಮಡಚಿದಾಗಲೇ 20 ಸೆಂ.ಮೀ ಉದ್ದ. ತೂಕವೂ ಜಾಸ್ತಿ, ಪಕ್ಕದಿಂದ ನೋಡಿದರೆ ಲಾರಿಯ ಹೊಟ್ಟೆ ಜೋತುಬಿದ್ದಂತೆ ಕಾಣುತ್ತದೆ. ಲೇತ್, ಬೆಸುಗೆ ಯಾವುದರ ಸಹವಾಸವೂ ಬೇಡ ಅನ್ನುವವರಿಗೆ ಇದನ್ನೇ ಹೇಳುತ್ತೇನೆ.

ಇನ್ನು ಹೈಡ್ರಾಲಿಕ್. ಇದನ್ನು ಗೆಳೆಯರೊಬ್ಬರಿಂದ ಎರವಲು ತಂದು ನನ್ನ ಚಾಸಿಗೆ ಕೂರಿಸಿ ನೋಡಿದೆ. ಪುಟ್ಟ ಬ್ರಶ್‌ಲೆಸ್ ಮೋಟಾರ್, ಅದಕ್ಕೆ ಗೇರ್ ಪಂಪ್, ಎಣ್ಣೆ ಟ್ಯಾಂಕ್, ಸರ್ವೋ ತಳ್ಳುವ ವಾಲ್ವ್, ಕ್ಯಾಬಿನ್ ಹಿಂದೆ ಟೆಲಿಸ್ಕೋಪ್ ಜಾಕಿ. ಒಂದು ಮಾತು ಒಪ್ಪಲೇಬೇಕು, ನೋಡಲು ಇದರ ಮುಂದೆ ಬೇರೆ ಯಾವುದೂ ಇಲ್ಲ. ಮೊದಲು ದಪ್ಪ ಕೊಳವೆ ಏರುತ್ತದೆ, ಅದು ಮುಗಿದ ಮೇಲೆ ನಡುವಿನದು, ಕೊನೆಗೆ ಬೆರಳಿಗಿಂತ ಸಣ್ಣದು. ಪಂಪ್ ಸದ್ದು ಲೋಡಿಗೆ ತಕ್ಕಂತೆ ಬದಲಾಗುತ್ತದೆ. ಸಣ್ಣ ಕೊಳವೆಗೆ ಬಲ ಕಡಿಮೆ, ಆದರೆ ಅದರ ಸರದಿ ಬರುವಷ್ಟರಲ್ಲಿ ಅರ್ಧ ಮರಳು ಆಗಲೇ ಸುರಿದಿರುತ್ತದೆ. ಲೆಕ್ಕವೂ ಒಪ್ಪುತ್ತದೆ: 20 ಬಾರ್ ಒತ್ತಡದಲ್ಲಿ 6 ಮಿ.ಮೀ ಕೊಳವೆ ಐದೂವರೆ ಕೆಜಿಗೂ ಮೀರಿ ಒತ್ತುತ್ತದೆ, ಮುಂದಿನ ಜಾಕಿಗೆ ಬೇಕಾದದ್ದು ಮೂರೂಕಾಲು.

ಇಳಿಸುವಾಗ ಕಥೆ ಬೇರೆ. ನಿಜವಾದ ಟಿಪ್ಪರ್‌ನಲ್ಲಿ ತೊಟ್ಟಿಯ ಭಾರವೇ ಎಣ್ಣೆಯನ್ನು ಟ್ಯಾಂಕಿಗೆ ತಳ್ಳುತ್ತದೆ. ನನ್ನ ಖಾಲಿ ತೊಟ್ಟಿ ಒಂದು ಕೆಜಿ. ಜಾಕಿಯೊಳಗೆ ಎಣ್ಣೆ ತಡೆಯುವ ರಬ್ಬರ್ ಓ-ರಿಂಗ್‌ಗಳ ಬಿಗಿತಕ್ಕೆ ಅಷ್ಟು ಭಾರ ಸಾಲದೆ ಕೊನೆಯ ಹಂತ ತಡವರಿಸುತ್ತಾ ಇಳಿಯಿತು, ಒಮ್ಮೊಮ್ಮೆ ಬೆರಳಿನಿಂದ ಒತ್ತಬೇಕಾಯಿತು. ಜೊತೆಗೆ ಎಣ್ಣೆ ಜಿನುಗುತ್ತದೆ. ಎಷ್ಟೇ ಬಿಗಿ ಮಾಡಿದರೂ ಎಲ್ಲೋ ಒಂದು ಕಡೆ ಒದ್ದೆ, ಅದರ ಮೇಲೆ ಧೂಳು. ಬೆಲೆ ಐದಂಕಿಯಲ್ಲಿ. ಸ್ಕ್ರೂ ಜಾಕಿಯ ಹತ್ತು ಪಟ್ಟಿಗಿಂತ ಜಾಸ್ತಿ ಕೊಟ್ಟು ಅದೇ 6 ಕೆಜಿ ಮರಳು ಸುರಿಯುವುದಾದರೆ, ಆ ದುಡ್ಡು ಕೊಳವೆಗಳು ಒಂದೊಂದಾಗಿ ಮೇಲೇಳುವ ಚಂದಕ್ಕೇ ಹೋಗಿದ್ದು. ಅದಕ್ಕೆ ದುಡ್ಡು ಕೊಡುವವರು ಇದ್ದಾರೆ, ತಪ್ಪೇನಿಲ್ಲ. ಅಗೆಯುವ ಯಂತ್ರ ಮಾಡುವವರಿಗಂತೂ ಇದೇ ಸರಿ, ಏಕೆಂದರೆ ಒಂದೇ ಪಂಪಿನಲ್ಲಿ ನಾಲ್ಕು ಜಾಕಿ ನಡೆಯುತ್ತವೆ. ಒಂದೇ ಜಾಕಿಯ ಟಿಪ್ಪರ್‌ಗೆ ನನಗೆ ದುಬಾರಿ ಅನ್ನಿಸಿತು.

ತೊಟ್ಟಿ ಯಾವುದರಲ್ಲಿ ಮಾಡಬೇಕು ಅನ್ನುವುದು ಇಷ್ಟು ಕಗ್ಗಂಟಲ್ಲ. ಫ್ಲೆಕ್ಸ್ ಬೋರ್ಡ್ ಅಂಗಡಿಯ 3 ಮಿ.ಮೀ ಫೋಮ್ ಶೀಟ್ ಕಟರ್‌ನಿಂದ ಕತ್ತರಿಸಬಹುದು, ಆದರೆ 6 ಕೆಜಿಗೆ ತಳ ಬಗ್ಗುತ್ತದೆ. 1 ಮಿ.ಮೀ ಅಲ್ಯೂಮಿನಿಯಂ ಗಟ್ಟಿ, ಬೆಸುಗೆ ಹಿಡಿಯುವುದಿಲ್ಲ, ರಿವೆಟ್ ಹೊಡೆಯಬೇಕು, ರಿವೆಟ್ ತಲೆ 1:14ರಲ್ಲಿ ಕುಂಬಳಕಾಯಿಯಷ್ಟು ಕಾಣುತ್ತದೆ. ಪಿಎಲ್‌ಎ ಪ್ಲಾಸ್ಟಿಕ್‌ನ 3ಡಿ ಪ್ರಿಂಟ್ ಕ್ಯಾಬಿನ್‌ಗೆ ಒಳ್ಳೆಯದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಮಾತ್ರ ಸೊಟ್ಟಗಾಗುತ್ತದೆ. ನಾನು ನಿಂತಿದ್ದು 26 ಗೇಜ್ ಜಿಐ ತಗಡಿನ ಮೇಲೆ. ಮಡಚಿ, 100 ವ್ಯಾಟ್ ಐರನ್‌ನಿಂದ ಬೆಸುಗೆ ಹಾಕಿದ್ದು. ಬೆಸುಗೆಯ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಟ್ಟುಕೊಳ್ಳಿ. ಮರಳು ಜಾರುವಾಗ ತಗಡು ಕೊಡುವ ಆ ಝರ್ರ್ ಸದ್ದು ಬೇರೆ ಯಾವುದರಿಂದಲೂ ಬರಲಿಲ್ಲ.

ಲೋಡಿಗೂ ಅಳತೆ ಇದೆ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. 6 ಮಿ.ಮೀ ಬೇಬಿ ಜಲ್ಲಿ ತುಂಬಿದರೆ 1:14ರಲ್ಲಿ ಒಂದೊಂದೂ 8 ಸೆಂ.ಮೀ ದಾಟಿದ ಕಲ್ಲಾಗುತ್ತದೆ. ಎಂ-ಸ್ಯಾಂಡ್ ಜರಡಿ ಹಿಡಿದು ಒಂದೂವರೆಯಿಂದ ಮೂರು ಮಿ.ಮೀ ಕಾಳು ಮಾತ್ರ ತೆಗೆದುಕೊಳ್ಳಿ, ಅದು 20-40 ಮಿ.ಮೀ ಜಲ್ಲಿಯಂತೆ ಕಾಣುತ್ತದೆ. ಒಣಗಿದ್ದರೆ 35 ಡಿಗ್ರಿ ಹೊತ್ತಿಗೇ ಜಾರುತ್ತದೆ. ಒದ್ದೆ ಮರಳು 45 ಆದರೂ ಕಚ್ಚಿಕೊಂಡಿರುತ್ತದೆ, ಆಗ ಡ್ರೈವರ್‌ಗಳು ಮಾಡುವ ಹಾಗೆ ಲಾರಿಯನ್ನು ಸ್ವಲ್ಪ ಮುಂದೆ ಎಳೆದು ಬ್ರೇಕ್ ಹಾಕಬೇಕು. ಸಮತಟ್ಟು ನೆಲದಲ್ಲಿ ಮಾತ್ರ ಮಾಡಿ, ಎತ್ತಿದ ತೊಟ್ಟಿ ಪಕ್ಕಕ್ಕೆ ವಾಲಿದರೆ ಲಾರಿಯೂ ಜೊತೆಗೇ ಮಲಗುತ್ತದೆ.

ಹಿಂದಿನ ಬಾಗಿಲಿಗೆ ಸರ್ವೋ ಹಾಕುವವರಿದ್ದಾರೆ, ಅದು ದಂಡ. ಬಾಗಿಲು ಮೇಲಿನ ಕೀಲಿನಲ್ಲಿ ತೂಗಲಿ, ಕೆಳಗೆ ಎರಡು ಕೊಕ್ಕೆ ಇರಲಿ. ಕೊಕ್ಕೆಯಿಂದ ಚಾಸಿಗೆ ಒಂದು ಸೈಕಲ್ ಬ್ರೇಕ್ ತಂತಿಯ ಎಳೆ. ತೊಟ್ಟಿ ಹತ್ತು ಡಿಗ್ರಿ ಏಳುವಷ್ಟರಲ್ಲಿ ತಂತಿ ಬಿಗಿಯಾಗಿ ಕೊಕ್ಕೆ ಬಿಚ್ಚುತ್ತದೆ, ಇಳಿದಾಗ ಸ್ಪ್ರಿಂಗ್ ಮತ್ತೆ ಹಾಕುತ್ತದೆ. ತಂತಿ ಮೂರು ಮಿ.ಮೀ ಸಡಿಲ ಇರಲಿ, ಇಲ್ಲದಿದ್ದರೆ ಹಂಪ್ ಹಾರಿದಾಗೆಲ್ಲ ಬಾಗಿಲು ತೆರೆದುಕೊಂಡು ದಾರಿಯುದ್ದಕ್ಕೂ ಮರಳು ಚೆಲ್ಲುತ್ತದೆ.