ನೈಟ್ ಡ್ಯೂಟಿ ಜೊತೆ ದೂರಶಿಕ್ಷಣದ ಎಂಎಸ್ಸಿ: ನಾಲ್ಕು ವರ್ಷ ಬಳಸಿದ ಮೇಲೆ

ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಲೇ ಹೆಲ್ತ್ ಅಂಡ್ ಸೋಶಿಯಲ್ ಕೇರ್ ವಿಷಯದಲ್ಲಿ ದೂರಶಿಕ್ಷಣದ ಎಂಎಸ್ಸಿ ಮುಗಿಸಿದೆ. ಸೇರಿದ್ದು 2020ರಲ್ಲಿ, ಮುಗಿದದ್ದು 2024ರಲ್ಲಿ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಾರ್ಡಿನದೋ ಕೇರ್ ಹೋಮಿನದೋ ಯಾವುದಾದರೂ ಪ್ರಶ್ನೆ ತಲೆ ತಿನ್ನುತ್ತಿದ್ದರೆ ಸೇರಿ. ಸಂಬಳ ಜಾಸ್ತಿಯಾಗಲಿ ಅಂತ ಮಾತ್ರ ಆದರೆ ಬೇಡ.

ವಿಶ್ವವಿದ್ಯಾಲಯದ ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಅವು ಅಲ್ಲಿಯ ಒಬ್ಬಿಬ್ಬರ ಮೇಲೆ ಹೋಗುತ್ತವೆ. ಅದೂ ಅಲ್ಲದೆ ಇಲ್ಲಿ ಇಂಥ ಕೋರ್ಸ್‌ಗಳ ಚೌಕಟ್ಟು ಎಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ.

ಆ ಚೌಕಟ್ಟು ಹೀಗಿದೆ. ಪೂರ್ತಿ ಎಂಎಸ್ಸಿಗೆ 180 ಕ್ರೆಡಿಟ್. 60ಕ್ಕೆ ನಿಲ್ಲಿಸಿದರೆ ಪಿಜಿ ಸರ್ಟಿಫಿಕೇಟ್, 120ಕ್ಕೆ ನಿಲ್ಲಿಸಿದರೆ ಪಿಜಿ ಡಿಪ್ಲೊಮಾ. ಒಂದು ಕ್ರೆಡಿಟ್ ಅಂದರೆ 10 ಗಂಟೆ ಓದು ಅಂತ ಲೆಕ್ಕ. ವರ್ಷಕ್ಕೆ 60 ಕ್ರೆಡಿಟ್ ಮಾಡಿದರೆ 600 ಗಂಟೆ, ಅಂದರೆ ವಾರಕ್ಕೆ ಹನ್ನೊಂದು ಹನ್ನೆರಡು ಗಂಟೆ. ಕಾಗದದ ಮೇಲೆ ಇದು ಸುಲಭ ಕಾಣುತ್ತದೆ. ಹನ್ನೆರಡೂವರೆ ಗಂಟೆಯ ಶಿಫ್ಟ್ ಮುಗಿಸಿ ಬಂದವಳಿಗೆ ಆ ಹನ್ನೆರಡು ಗಂಟೆ ಎಲ್ಲಿಂದ ಬರಬೇಕು? ರಜೆಯ ದಿನದಿಂದಲೇ ಬರಬೇಕು. ನೈಟ್ ಡ್ಯೂಟಿ ವಾರದಲ್ಲಿ ನಾನು ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ಉಳಿದ ವಾರಗಳಲ್ಲಿ ಅದನ್ನು ತುಂಬಿಸಿಕೊಳ್ಳುತ್ತಿದ್ದೆ. ರೋಸ್ಟರ್ ಬಂದ ದಿನವೇ ಅಸೈನ್‌ಮೆಂಟ್ ತಾರೀಖುಗಳನ್ನು ಅದರ ಪಕ್ಕ ಬರೆದಿಡುವುದೊಂದೇ ನನಗೆ ಕೆಲಸ ಮಾಡಿದ ಉಪಾಯ.

ಪಾಠಗಳ ಬಗ್ಗೆ ಹೇಳಲು ಅಂಥದ್ದೇನೂ ಇಲ್ಲ. ವೆಬ್‌ಸೈಟಿನಲ್ಲಿ ವಾರಕ್ಕೊಂದು ಘಟಕ, ಓದಲು ನಾಲ್ಕೈದು ಲೇಖನ, ಒಂದು ವಿಡಿಯೊ. ಇದಕ್ಕೆ ಅಷ್ಟು ದುಡ್ಡು ಕೊಡಬೇಕಾ ಅಂದರೆ ಖಂಡಿತ ಬೇಡ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ನೌಕರರಿಗೆ ಜರ್ನಲ್‌ಗಳನ್ನು ತೆರೆಯುವ ಓಪನ್‌ಅಥೆನ್ಸ್ ಲಾಗಿನ್ ಹೇಗೂ ಉಚಿತ. ವೈದ್ಯಕೀಯ, ನರ್ಸಿಂಗ್ ಲೇಖನಗಳನ್ನು ಹುಡುಕುವ ಮೆಡ್‌ಲೈನ್, ಸಿನಾಲ್ ಎಲ್ಲ ಅದರಲ್ಲೇ ತೆರೆಯುತ್ತವೆ. ದುಡ್ಡು ಹೋಗುವುದು ಎರಡು ವಿಷಯಕ್ಕೆ: ಜೊತೆಗೆ ಓದುವವರು, ಮತ್ತು ನೀವು ಬರೆದದ್ದನ್ನು ಕೂತು ಓದಿ ತಿದ್ದುವ ಒಬ್ಬ ಟ್ಯೂಟರ್.

ಮೊದಲು ಜೊತೆಯವರ ವಿಷಯ. ನಮ್ಮ ಗುಂಪಿನಲ್ಲಿ ನರ್ಸ್‌ಗಳು ಅರ್ಧದಷ್ಟೂ ಇರಲಿಲ್ಲ. ಸೋಶಿಯಲ್ ವರ್ಕರ್‌ಗಳು, ಆಕ್ಯುಪೇಷನಲ್ ಥೆರಪಿಸ್ಟ್‌ಗಳು, ಒಬ್ಬ ಪ್ಯಾರಾಮೆಡಿಕ್, ಕೇರ್ ಹೋಮ್ ನಡೆಸುವ ಒಬ್ಬ ಮ್ಯಾನೇಜರ್. ವಾರ್ಡಿನಲ್ಲಿ ನಮಗೆ ‘ಡಿಸ್ಚಾರ್ಜ್‌ಗೆ ರೆಡಿ’ ಎಂದರೆ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂಬ ಸಮಾಧಾನ. ಆ ಮ್ಯಾನೇಜರ್ ಕೋರ್ಸಿನ ಆನ್‌ಲೈನ್ ಚರ್ಚೆಯಲ್ಲಿ ಬರೆದದ್ದು ಬೇರೆಯೇ ಕಥೆ. ಶುಕ್ರವಾರ ಸಂಜೆ ಆಂಬುಲೆನ್ಸ್ ಬಂದು ನಿಲ್ಲುತ್ತದೆ. ಒಳಗೆ ತೊಂಬತ್ತರ ಅಜ್ಜಿ, ಜೊತೆಗೆ ಒಂದು ಚೀಲ. ಔಷಧಿ ಪಟ್ಟಿ ಹಳೆಯದು. ನಡೆಯಲು ಎಷ್ಟು ಜನರ ಸಹಾಯ ಬೇಕು ಎಂದು ಎಲ್ಲೂ ಬರೆದಿಲ್ಲ. ಡಾಕ್ಟರ್ ಸಿಗುವುದು ಸೋಮವಾರ. ಅದನ್ನು ಓದಿದ ಮೇಲೆ ನಾನು ಡಿಸ್ಚಾರ್ಜ್ ಚೀಟಿ ಬರೆಯುವ ರೀತಿಯೇ ಬದಲಾಯಿತು. ಈಗ ಕೇರ್ ಹೋಮಿಗೆ ಫೋನ್ ಮಾಡಿಯೇ ಕಳಿಸುವುದು. ಇದು ಯಾವ ಪಠ್ಯದಲ್ಲೂ ಇರಲಿಲ್ಲ.

ಇನ್ನೊಂದು, 2005ರ ಮೆಂಟಲ್ ಕೆಪಾಸಿಟಿ ಆಕ್ಟ್, ಅಂದರೆ ತನ್ನ ನಿರ್ಧಾರ ತಾನೇ ಮಾಡುವ ಸಾಮರ್ಥ್ಯದ ಬಗೆಗಿನ ಕಾಯ್ದೆ. ಊರಿನಿಂದ ಬಂದ ನರ್ಸ್‌ಗೆ ಇದು ತಲೆಗೆ ಹೋಗಲು ಸಮಯ ಬೇಕು. ನಮ್ಮಲ್ಲಿ ವಯಸ್ಸಾದವರ ಚಿಕಿತ್ಸೆಗೆ ಮಗ ಸಹಿ ಹಾಕುತ್ತಾನೆ, ಯಾರೂ ಏನೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಮಗ ಎಂಬ ಕಾರಣಕ್ಕೇ ಆ ಅಧಿಕಾರ ಬರುವುದಿಲ್ಲ. ತಾಯಿ ಮೊದಲೇ ಕಾನೂನು ಪ್ರಕಾರ ಆರೋಗ್ಯದ ವಿಷಯದಲ್ಲಿ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿರಬೇಕು, ಇಲ್ಲವೇ ಕೋರ್ಟ್ ನೇಮಿಸಿರಬೇಕು. ದೊಡ್ಡವರು ತಮ್ಮ ನಿರ್ಧಾರ ತಾವೇ ಮಾಡಬಲ್ಲರು ಎಂದೇ ಕಾಯ್ದೆ ಶುರುವಾಗುತ್ತದೆ. ನಮಗೆ ಅವಿವೇಕ ಅನ್ನಿಸುವ ನಿರ್ಧಾರ ಮಾಡಿದರು ಎಂಬುದಷ್ಟೇ ಅವರಿಗೆ ಸಾಮರ್ಥ್ಯವಿಲ್ಲ ಎನ್ನಲು ಸಾಕಾಗುವುದಿಲ್ಲ. ಟ್ರೇನಿಂಗಿನಲ್ಲಿ ಇದನ್ನು ಸ್ಲೈಡಿನಲ್ಲಿ ನೋಡಿದ್ದೆ. ಆದರೆ ಮನೆಗೇ ಹೋಗುತ್ತೇನೆ ಎಂದು ಹಟ ಹಿಡಿದ ಮುದುಕರ ಪರ ಒಬ್ಬ ಸೋಶಿಯಲ್ ವರ್ಕರ್ ಮೂರು ವಾರ ಚರ್ಚೆಯಲ್ಲಿ ನಮ್ಮೆಲ್ಲರ ಜೊತೆ ವಾದ ಮಾಡಿದಾಗ ಮಾತ್ರ ವಿಷಯ ಒಳಗಿಳಿಯಿತು. ಬೀಳುತ್ತಾರೆ ಅಂತ ನಾವು. ಬಿದ್ದರೂ ಅದು ಅವರ ಮನೆ ಅಂತ ಆಕೆ.

ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳಬೇಕು: ಈ ಚರ್ಚೆ ಎಲ್ಲ ಮಾಡ್ಯೂಲಿನಲ್ಲೂ (ಕೋರ್ಸಿನ ಒಂದೊಂದು ವಿಷಯದ ಭಾಗ) ನಡೆಯಲಿಲ್ಲ. ಒಂದು ಮಾಡ್ಯೂಲಿನಲ್ಲಂತೂ ಟ್ಯೂಟರ್ ಮೊದಲ ವಾರ ನಮಸ್ಕಾರ ಹೇಳಿ ಹೋದವರು ಮತ್ತೆ ಕಾಣಲೇ ಇಲ್ಲ. ಟ್ಯೂಟರ್ ಸುಮ್ಮನಾದರೆ ವಿದ್ಯಾರ್ಥಿಗಳೂ ಸುಮ್ಮನಾಗುತ್ತಾರೆ. ಅಂಕ ಇದ್ದರೆ ನಾಲ್ಕು ಸಾಲು ಬರೆದು ಓಡುವುದು, ಅಷ್ಟೇ.

ಇನ್ನು ತಿದ್ದುವಿಕೆ. ಇಲ್ಲಿ ನಮ್ಮ ಕಡೆ ಓದಿದವರಿಗೆ ನಿಜವಾದ ಪೆಟ್ಟು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಬಿಎಸ್ಸಿ ನರ್ಸಿಂಗ್ ನನ್ನದು. ವ್ಯಾಖ್ಯೆ, ಕಾರಣ, ಲಕ್ಷಣ, ಆರೈಕೆ ಅಂತ ಸಾಲಾಗಿ ಬರೆದರೆ ಅಂಕ ಬರುತ್ತಿತ್ತು. ಇಲ್ಲಿ ಅದನ್ನೇ ಬರೆದರೆ ಪಕ್ಕದಲ್ಲಿ ‘ಬರೀ ವಿವರಣೆ’ ಎಂಬ ಟಿಪ್ಪಣಿ ಬೀಳುತ್ತದೆ. ಈ ಅಧ್ಯಯನದಲ್ಲಿ ಎಷ್ಟು ಜನರಿದ್ದರು, ಯಾರನ್ನು ಬಿಟ್ಟಿದ್ದರು, ನಿಮ್ಮ ರೋಗಿಗಳಿಗೆ ಇದು ಹೊಂದುತ್ತದಾ, ಇದಕ್ಕೆ ವಿರುದ್ಧ ಹೇಳುವವರು ಯಾರು — ಇವಕ್ಕೆ ಉತ್ತರ ಬೇಕು. ಪಾಸಿಗೆ 50, ಮೆರಿಟ್‌ಗೆ 60, ಡಿಸ್ಟಿಂಕ್ಷನ್‌ಗೆ 70. ಎಪ್ಪತ್ತು ಅಂದರೆ ಊರಿನಲ್ಲಿ ಸುಮಾರು ಅಂತಾರೆ, ಇಲ್ಲಿ ಅದು ಹಬ್ಬ. ಅಮ್ಮನಿಗೆ ಇದನ್ನು ಅರ್ಥ ಮಾಡಿಸಲು ಕೊನೆವರೆಗೂ ಆಗಲಿಲ್ಲ.

ಸಂಶೋಧನಾ ವಿಧಾನದ ಮಾಡ್ಯೂಲ್ ಎಲ್ಲರಿಗೂ ಭಯ. ನನಗೆ ಅದೇ ಇಷ್ಟವಾಯಿತು, ಅದಕ್ಕೆ ಕಾರಣ ಒಂದು ಚಿತ್ರ. ಚಿಕಿತ್ಸೆಗಳ ಬಗೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶೆ ಮಾಡುವ ಕಾಕ್ರೇನ್ ಎಂಬ ಸಂಸ್ಥೆಯ ಲಾಂಛನದಲ್ಲಿ ಏಳು ಅಡ್ಡ ಗೆರೆ, ಮಧ್ಯೆ ಒಂದು ಉದ್ದ ಗೆರೆ, ಕೆಳಗೆ ಪುಟ್ಟ ವಜ್ರದಾಕಾರ. ಅದು ಸುಮ್ನೆ ಬರೆದ ಚಿತ್ರ ಅಲ್ಲ. ಅವಧಿಗೆ ಮುಂಚೆ ಹೆರಿಗೆಯಾಗುವ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗು ಬದುಕುತ್ತದಾ ಎಂದು ನೋಡಿದ ಏಳು ಪ್ರಯೋಗಗಳು ಅವು. ಒಂದೊಂದು ಗೆರೆ ಒಂದೊಂದು ಪ್ರಯೋಗ. ವಜ್ರ ಎಲ್ಲದರ ಒಟ್ಟು ಉತ್ತರ. ಮೊದಲನೆಯದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಅವರದು, 1972ರಲ್ಲಿ ಪ್ರಕಟವಾಯಿತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಹೆಚ್ಚಿನ ಹೆರಿಗೆ ಡಾಕ್ಟರುಗಳಿಗೆ ಈ ಇಂಜೆಕ್ಷನ್ ಅಷ್ಟು ಪರಿಣಾಮಕಾರಿ ಎಂದು ಗೊತ್ತೇ ಇರಲಿಲ್ಲ. ಉತ್ತರ ಚೂರುಚೂರಾಗಿ ಬೇರೆ ಬೇರೆ ಜರ್ನಲ್‌ಗಳಲ್ಲಿ ಬಿದ್ದಿತ್ತು. ಮಂಗಳೂರಿನಲ್ಲಿ ಕಲಿಯುವಾಗ ಲೇಬರ್ ವಾರ್ಡಿನಲ್ಲಿ ಅದೇ ಇಂಜೆಕ್ಷನ್ ಕೊಟ್ಟಿದ್ದೇನೆ. ಹೇಳಿದರು, ಕೊಟ್ಟೆ. ಅದರ ಹಿಂದೆ ಇಷ್ಟು ವರ್ಷದ ಕಥೆ ಇದೆ ಎಂದು ಯಾರೂ ಹೇಳಿರಲಿಲ್ಲ.

ಕೊನೆಯ 60 ಕ್ರೆಡಿಟ್ ಡಿಸರ್ಟೇಶನ್, ಅಂದರೆ ಪ್ರಬಂಧ. ದೂರಶಿಕ್ಷಣದಲ್ಲಿ ಬಹಳ ಜನ ಲಿಟರೇಚರ್ ರಿವ್ಯೂ, ಅಂದರೆ ಆಗಲೇ ಪ್ರಕಟವಾದ ಅಧ್ಯಯನಗಳ ವಿಮರ್ಶೆ ಮಾಡುತ್ತಾರೆ. ರೋಗಿಗಳನ್ನು ಸೇರಿಸಿಕೊಂಡು ಸಂಶೋಧನೆ ಮಾಡಬೇಕಾದರೆ ಎಥಿಕ್ಸ್ ಒಪ್ಪಿಗೆ, ಹೆಲ್ತ್ ರಿಸರ್ಚ್ ಅಥಾರಿಟಿಯ ಒಪ್ಪಿಗೆ ಬೇಕು, ಅದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ. ನಾನೂ ರಿವ್ಯೂ ಮಾಡಿದೆ. ವಿಷಯ: ಕಪ್ಪು, ಕಂದು ಚರ್ಮದವರಲ್ಲಿ ಬೆಡ್‌ಸೋರ್ (ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣು) ಶುರುವಾಗುವುದನ್ನು ಹೇಗೆ ಗುರುತಿಸುವುದು.

ಇದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ. ಬೆಡ್‌ಸೋರಿನ ಮೊದಲ ಹಂತಕ್ಕೆ ನಾವು ಕಲಿತ ಗುರುತು ಕೆಂಪು. ಬೆರಳಿನಿಂದ ಒತ್ತಿ, ಬೆಳ್ಳಗಾದರೆ ಸದ್ಯಕ್ಕೆ ಪರವಾಗಿಲ್ಲ, ಕೆಂಪಾಗೇ ಉಳಿದರೆ ತೊಂದರೆ ಶುರುವಾಗಿದೆ. ಸರಿ, ನಮ್ಮ ಬಣ್ಣದ ಚರ್ಮದಲ್ಲಿ ಆ ಕೆಂಪು ಎಲ್ಲಿ ಕಾಣುತ್ತದೆ? ಒತ್ತಿದರೆ ಬೆಳ್ಳಗಾಗುವುದಾದರೂ ಕಾಣುತ್ತದಾ? ಗಾಢ ಬಣ್ಣದ ಚರ್ಮದಲ್ಲಿ ಎರಡೂ ಕಣ್ಣಿಗೆ ತಪ್ಪಿಹೋಗಬಹುದು. ಕಂಡಾಗ ಚರ್ಮ ಆಗಲೇ ಒಡೆದಿರಬಹುದು. ಇಂಗ್ಲೆಂಡಿನಲ್ಲಿ ಬಳಸುವ ವಾಟರ್‌ಲೋ ಪಟ್ಟಿ 1985ರದು, ಊರಿನಲ್ಲಿ ನಾವು ಕಲಿತ ಬ್ರೇಡನ್ ಸ್ಕೇಲ್ 1987ರದು. ಇವು ಯಾರಿಗೆ ಅಪಾಯ ಜಾಸ್ತಿ ಎಂದು ಹೇಳುತ್ತವೆ. ಕಂದು ಚರ್ಮದಲ್ಲಿ ಏನು ನೋಡಬೇಕು ಎಂದು ಹೇಳಿಕೊಡುವುದು ಅವುಗಳ ಕೆಲಸವಲ್ಲ.

ನೋಡುವುದಕ್ಕಿಂತ ಮುಟ್ಟುವುದು, ಕೇಳುವುದು ಮುಖ್ಯ. ಆ ಜಾಗ ಪಕ್ಕದ ಚರ್ಮಕ್ಕಿಂತ ಬಿಸಿಯಿದೆಯಾ, ತಣ್ಣಗಿದೆಯಾ? ಗಟ್ಟಿಯಾಗಿದೆಯಾ, ಮೆತ್ತಗೆ ಜೋಲುತ್ತಿದೆಯಾ? ನೋವಿದೆಯಾ? ಅಕ್ಕಪಕ್ಕಕ್ಕಿಂತ ಬಣ್ಣ ಬೇರೆಯಾಗಿದೆಯಾ? ರಿವ್ಯೂ ಮುಗಿಸಿದ ಮೇಲೆ ಇದನ್ನು ಒಂದು ಹಾಳೆಯಲ್ಲಿ ಬರೆದು ವಾರ್ಡ್ ಮ್ಯಾನೇಜರ್‌ಗೆ ಕೊಟ್ಟೆ. ಈಗ ಹೊಸದಾಗಿ ಬರುವವರಿಗೆ ಅದನ್ನು ನಾನೇ ತೋರಿಸಿಕೊಡುತ್ತೇನೆ. ಇಡೀ ಕೋರ್ಸಿನಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಇದೇ. ನಿಮಗೆ ಇಂಥ ಪ್ರಶ್ನೆ ಇಲ್ಲದೆ ಡಿಸರ್ಟೇಶನ್ ಹಂತಕ್ಕೆ ಹೋದರೆ ಆ ವರ್ಷ ಬಹಳ ಉದ್ದ ಅನ್ನಿಸುತ್ತದೆ.

ದೂರುಗಳಲ್ಲಿ ಮೊದಲನೆಯದು, ಡಿಸರ್ಟೇಶನ್ ಮಧ್ಯದಲ್ಲಿ ಮಾರ್ಗದರ್ಶಕರು ಬದಲಾದರು. ಹಿಂದಿನವರು ಒಪ್ಪಿದ್ದ ಪ್ರಶ್ನೆಯನ್ನು ಹೊಸಬರು ಮತ್ತೆ ಕೆದಕಿದರು. ಇಮೇಲ್‌ಗೆ ಉತ್ತರ ಬರಲು ಎರಡು ವಾರ ಆದದ್ದೂ ಉಂಟು. ಆನ್‌ಲೈನ್ ತರಗತಿಗಳನ್ನು ವಾರದ ನಡುವೆ ಹಗಲು ಹೊತ್ತಿನಲ್ಲಿ ಇಡುತ್ತಿದ್ದರು. ಕೆಲಸದಲ್ಲಿರುವವರಿಗಾಗಿಯೇ ಮಾಡಿದ ಕೋರ್ಸ್ ಇದು, ಅಲ್ವಾ? ರೆಕಾರ್ಡಿಂಗ್ ಸಿಗುತ್ತಿತ್ತು, ಪ್ರಶ್ನೆ ಕೇಳಲು ಮಾತ್ರ ಆಗುತ್ತಿರಲಿಲ್ಲ. ಫೀಸ್ ಕೂಡ ಪ್ರತಿವರ್ಷ ಸ್ವಲ್ಪ ಏರುತ್ತಿತ್ತು. ನೀವು ಸೇರುವ ಮುಂಚೆ ಕೇಳಿ: ಶುರುವಿನ ಫೀಸ್ ಕೊನೆವರೆಗೆ ಅದೇ ಇರುತ್ತದಾ? ಲೈಬ್ರರಿಯವರು ಮಾತ್ರ ಚಿನ್ನದಂಥವರು. ಸರ್ಚ್ ಮಾಡುವುದು ಹೇಗೆ ಎಂದು ವಿಡಿಯೊ ಕಾಲಿನಲ್ಲಿ ತಾಳ್ಮೆಯಿಂದ ಹೇಳಿಕೊಟ್ಟರು.

ಕೆಲಸಕ್ಕೆ ಏನು ಉಪಯೋಗ? ಇಲ್ಲಿಯ ನರ್ಸ್‌ಗಳ ನೋಂದಣಿ ಸಂಸ್ಥೆ ಎನ್‌ಎಂಸಿ ಮೂರು ವರ್ಷಕ್ಕೊಮ್ಮೆ ರಿವ್ಯಾಲಿಡೇಶನ್, ಅಂದರೆ ನೋಂದಣಿ ನವೀಕರಣ ಕೇಳುತ್ತದೆ. ಅದಕ್ಕೆ 35 ಗಂಟೆ ಕಲಿಕೆ, ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದಾಗಿರಬೇಕು. ಒಂದು ಮಾಡ್ಯೂಲ್ ಮಾಡಿದರೆ ಇದು ತುಂಬಿ ಉಳಿಯುತ್ತದೆ. ಅದಕ್ಕೆ ಬೇಕಾದ ಐದು ರಿಫ್ಲೆಕ್ಷನ್ (ಕೆಲಸದಿಂದ ಏನು ಕಲಿತೆ ಎಂಬ ಟಿಪ್ಪಣಿ) ಬರೆಯುವುದಕ್ಕೂ ಸಾಮಗ್ರಿ ಸಿಗುತ್ತದೆ. ಬ್ಯಾಂಡ್ ಏರಿಕೆ ಹಾಗಲ್ಲ. ಎನ್‌ಎಚ್‌ಎಸ್‌ನ ಸಂಬಳ ಶ್ರೇಣಿ (ಬ್ಯಾಂಡ್) ವ್ಯವಸ್ಥೆಯಾದ ಅಜೆಂಡಾ ಫಾರ್ ಚೇಂಜ್‌ನಲ್ಲಿ ಸಂಬಳ ಇರುವುದು ಹುದ್ದೆಗೆ, ಡಿಗ್ರಿಗೆ ಅಲ್ಲ. ಬ್ಯಾಂಡ್ 5ರಲ್ಲಿ ಇದ್ದು ಎಂಎಸ್ಸಿ ಮಾಡಿದರೂ ಮರುದಿನ ಬ್ಯಾಂಡ್ 5ರಲ್ಲೇ ಇರುತ್ತೀರಿ. ಮೇಲಿನ ಹುದ್ದೆಗೆ ಅರ್ಜಿ ಹಾಕುವಾಗ, ಇಂಟರ್‌ವ್ಯೂನಲ್ಲಿ ಮಾತಾಡುವಾಗ ಸಹಾಯಕ್ಕೆ ಬರುತ್ತದೆ. ಔಷಧಿ ಬರೆಯುವ ಅರ್ಹತೆ ಬೇಕಿದ್ದವರಿಗೆ ಇದು ದಾರಿಯೇ ಅಲ್ಲ. ಅದಕ್ಕೆ ಮೇಲ್ವಿಚಾರಣೆಯಲ್ಲಿ ಪ್ರಾಕ್ಟೀಸ್ ಮಾಡುವ ಬೇರೆ ಕೋರ್ಸ್ ಇದೆ.

ದುಡ್ಡಿನ ವಿಷಯದಲ್ಲಿ ನಮ್ಮವರು ಹೆಚ್ಚು ಕೇಳುವುದು ಸಾಲದ ಬಗ್ಗೆ. ಇಂಗ್ಲೆಂಡಿನಲ್ಲಿ ಪೋಸ್ಟ್‌ಗ್ರಾಜುಯೇಟ್ ಮಾಸ್ಟರ್ಸ್ ಲೋನ್ ಇದೆ. 2025-26ಕ್ಕೆ ಗರಿಷ್ಠ 12,858 ಪೌಂಡ್. ವರ್ಷಕ್ಕೆ 21,000 ಪೌಂಡ್ ಮೀರಿದ ಆದಾಯದ ಮೇಲೆ 6% ಕಡಿತವಾಗುತ್ತದೆ. ದೂರಶಿಕ್ಷಣಕ್ಕೂ ಸಿಗುತ್ತದೆ, ಆದರೆ ಪೂರ್ತಿ ಮಾಸ್ಟರ್ಸ್‌ಗೆ ಮಾತ್ರ. ಬರೀ ಪಿಜಿ ಸರ್ಟಿಫಿಕೇಟ್‌ಗೆ ಇಲ್ಲ. ಮತ್ತು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದು ಒಂದೆರಡು ವರ್ಷವಾದವರು ಇದನ್ನು ನೆಚ್ಚಬೇಡಿ, ಸಾಮಾನ್ಯವಾಗಿ ಖಾಯಂ ವಾಸದ ಅನುಮತಿ ಬಂದ ಮೇಲಿನ ಮಾತು ಅದು. ಆ ವೀಸಾದಲ್ಲಿ ಓದುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಮೊದಲು ನಿಮ್ಮ ಟ್ರಸ್ಟಿನ (ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಸಂಸ್ಥೆ) ಎಜುಕೇಶನ್ ವಿಭಾಗದಲ್ಲಿ ವಿಚಾರಿಸಿ. ಒಂದೆರಡು ಮಾಡ್ಯೂಲಿಗೆ ದುಡ್ಡು, ಸ್ಟಡಿ ಲೀವ್ ಕೊಡುವ ಕಡೆಗಳಿವೆ. ದುಡ್ಡು ಕೊಟ್ಟರೆ ಇಷ್ಟು ಕಾಲ ಬಿಟ್ಟುಹೋಗಬಾರದು ಎಂದು ಬರೆಸಿಕೊಳ್ಳುವುದೂ ಉಂಟು, ಓದಿ ಸಹಿ ಹಾಕಿ.

‘ಅಕ್ಕ, ಇದನ್ನು ಮಾಡಿ ವಾಪಸ್ ಬಂದರೆ ಊರಿನ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬಹುದಾ?’ ಅಂತ ಜೂನಿಯರ್‌ಗಳು ಕೇಳುತ್ತಾರೆ. ಆ ಲೆಕ್ಕದಲ್ಲಿ ಸೇರಬೇಡಿ. ಭಾರತದಲ್ಲಿ ಎಂಎಸ್ಸಿ ನರ್ಸಿಂಗ್ ಅಂದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಎರಡು ವರ್ಷ ಕಾಲೇಜಿಗೆ ಹೋಗಿ, ಕ್ಲಿನಿಕಲ್ ಪೋಸ್ಟಿಂಗ್ ಮಾಡಿ ಓದುವ ಪೂರ್ಣಾವಧಿ ಕೋರ್ಸ್. ನನ್ನದು ಆ ಸ್ಥಾನಕ್ಕೆ ನಿಲ್ಲುವುದಿಲ್ಲ.

ಹಾಗಾದರೆ ಯಾರಿಗೆ ಎಷ್ಟು? ಹೆಚ್ಚಿನವರಿಗೆ 60 ಕ್ರೆಡಿಟ್ ಸಾಕು ಎಂದೇ ನನಗನ್ನಿಸುತ್ತದೆ. ಸಂಶೋಧನಾ ವಿಧಾನದ ಮಾಡ್ಯೂಲ್ ಒಂದು ಇರಲಿ, ನಿಮ್ಮ ಕೆಲಸಕ್ಕೆ ಹತ್ತಿರವಾದದ್ದು ಇನ್ನೊಂದಿರಲಿ. ಅಲ್ಲಿಗೆ ನಿಲ್ಲಿಸಿ ಒಂದು ವರ್ಷ ಬಿಟ್ಟು ಮತ್ತೆ ಮುಂದುವರಿಯಲು ಬಿಡುತ್ತಾರಾ ಎಂದು ಸೇರುವಾಗಲೇ ಬರವಣಿಗೆಯಲ್ಲಿ ಕೇಳಿ. ಮಕ್ಕಳು ಚಿಕ್ಕವರಿದ್ದರೆ, ಕೇರ್ ಹೋಮಿನಲ್ಲಿ ಸತತ ಡ್ಯೂಟಿ ಇದ್ದರೆ ಇದು ಇನ್ನೂ ಮುಖ್ಯ.

ಐದಕ್ಕೆ ಮೂರೂವರೆ ಸ್ಟಾರ್. ಒಳ್ಳೆಯ ಟ್ಯೂಟರ್ ಸಿಕ್ಕಿದ ಮಾಡ್ಯೂಲಿಗೆ ಐದು, ಮಾಯವಾದ ಆ ಮಹಾಶಯರದಕ್ಕೆ ಒಂದು. ಇನ್ನೊಂದು ಮಾತು: ರಿಸಲ್ಟ್ ಬಂದ ಮೇಲೆ ವಿಶ್ವವಿದ್ಯಾಲಯದ ಲಾಗಿನ್ ಹೆಚ್ಚು ಕಾಲ ಇರುವುದಿಲ್ಲ. ಟ್ಯೂಟರ್ ಬರೆದ ಟಿಪ್ಪಣಿಗಳು, ನಿಮ್ಮ ಚರ್ಚೆಗಳು ಎಲ್ಲ ಅದರೊಳಗೇ ಇರುತ್ತವೆ. ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.